ಅದೇ ಆವೃತ್ತಿ

ಪ್ರತಿ ಗುರುವಾರ ಸಂಜೆ ನಮ್ಮೂರ ಲುಥೆರನ್ ಚರ್ಚಿನ ನೆಲಮಾಳಿಗೆಯಲ್ಲಿ ನಾವು ನಾಲ್ವರು ಸೇರುತ್ತೇವೆ. ಆಟದ ಹೆಸರು 'ಕೆಂಡ ಮತ್ತು ಕಿರೀಟ'. ಒಬ್ಬರು ಕಥೆ ನಡೆಸಬೇಕು, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ಮಾತಾಡಬೇಕು. ಸೋಲು ಗೆಲುವು ದಾಳ ಹೇಳುತ್ತದೆ. ದಾಳಕ್ಕೂ ಮೇಲೆ ನಿಯಮದ ಪುಸ್ತಕ. ಕಥೆ ನಡೆಸುವವಳು ನಾನು, ಗ್ರೆಚೆನ್. ಹಗಲು ಶಾಲೆಯ ಬಸ್ಸು ಓಡಿಸುತ್ತೇನೆ.

ನಮ್ಮಲ್ಲಿ ಮರಿಟ್ ಟೋಲೆಫ್ಸನ್‌ಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮನೆಗಳಿಗೆ ಗ್ಯಾಸ್ ತುಂಬಿಸುವ ಕಚೇರಿಯೊಂದರಲ್ಲಿ ಫೋನು ಎತ್ತುವ ಕೆಲಸ ಅವಳದು. ಆಟಕ್ಕೆ ಬಂದ ಮೊದಲ ವರ್ಷಗಳಲ್ಲಿ ಪ್ರತಿಯೊಂದು ನಿಯಮವನ್ನೂ ನಾವು ಓದಿ ಹೇಳಬೇಕಿತ್ತು. ಇನ್ನೊಬ್ಬರನ್ನು ಕೇಳಬೇಕೆಂದರೆ ಅವಳಿಗೆ ಮೈ ಉರಿ. ಕೊನೆಗೆ ಅಂಧರಿಗೆ ಪುಸ್ತಕ ಮಾಡಿಕೊಡುವ ಗ್ರಂಥಾಲಯಕ್ಕೆ ಅರ್ಜಿ ಹಾಕಿದೆವು. ಹಾರ್ಲನ್ ಎಂಬ ನಿವೃತ್ತ ಅಂಚೆಯವರು ಎರಡು ವರ್ಷ ಮೂರು ತಿಂಗಳು ಕೂತು ಇಡೀ ಪುಸ್ತಕವನ್ನು ಬ್ರೈಲ್‌ಗೆ ಇಳಿಸಿದರು. ಹನ್ನೊಂದು ಸಂಪುಟ, ಒಂದೊಂದೂ ದಿಂಬಿನಷ್ಟು ದಪ್ಪ. ನಮ್ಮ ಜೊತೆ ಆಡುವ ವೆಂಡೆಲ್ ಅವನ್ನು ತನ್ನ ಹಾರ್ಡ್‌ವೇರ್ ಅಂಗಡಿಯ ತಳ್ಳುಗಾಡಿಯಲ್ಲಿ ತಂದು ಚರ್ಚಿನ ಬೀರುವಿನಲ್ಲಿ ಜೋಡಿಸಿದ.

ಆಮೇಲೆ ಮರಿಟ್‌ಳನ್ನು ಹಿಡಿಯುವವರಿಲ್ಲ. ನಾನು ಬಾಯಿತಪ್ಪಿ ಏನಾದರೂ ಅಂದರೆ ಸಾಕು, "ನಾಲ್ಕನೇ ಸಂಪುಟ ಕೊಡು ವೆಂಡೆಲ್, ಇವಳು ಮತ್ತೆ ಬುರುಡೆ ಬಿಡ್ತಿದಾಳೆ" ಅನ್ನುವಳು. ನಾವು ಪುಟ ಹುಡುಕುವಷ್ಟರಲ್ಲಿ ಅವಳ ಬೆರಳು ಸಾಲಿನ ಮೇಲಿರುತ್ತಿತ್ತು.

ಕಳೆದ ಅಕ್ಟೋಬರಿನಲ್ಲಿ ವೆಂಡೆಲ್ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟ.

"ಏನದು, ಹೊಸ ಕಾಗದದ ವಾಸನೆ?" ಮರಿಟ್ ಕೇಳಿದಳು.

"ಹೊಸ ಆವೃತ್ತಿ!"

"ಹೊಸದಲ್ಲ ಕಣೋ," ನಾನೆಂದೆ. "ಕಂಪನಿಯೋರೇ ಹೇಳಿದಾರೆ, ಅದೇ ಆವೃತ್ತಿ, ಅಲ್ಲಲ್ಲಿ ತಿದ್ದಿದಾರೆ ಅಷ್ಟೆ."

"ಅಲ್ಲಲ್ಲಿ? ನನ್ನ ಮುಖಾನ ಹಿಂಗೆ ಅಲ್ಲಲ್ಲಿ ತಿದ್ದಿದ್ರೆ ನನ್ನ ಹೆಂಡ್ತಿ ಮನೆ ಬಾಗಿಲು ತೆಗೀತಾಳಾ?"

"ಓಡಿ ಬಂದು ತೆಗೀತಾಳೆ," ಅಂದಳು ಮರಿಟ್. ಎಲ್ಲರೂ ನಕ್ಕೆವು.

ಅದೇ ಆಟ ತಾನೇ, ಇನ್ನು ಮುಂದೆ ತಿದ್ದಿದ ಪುಸ್ತಕದಂತೆಯೇ ಆಡೋಣ ಎಂದು ತೀರ್ಮಾನಿಸಿದವಳು ನಾನು. ಮರಿಟ್ ಕೂಡ ಹೂಂ ಅಂದಳು.

ಮೂರನೇ ವಾರ ಗುಹೆಯೊಂದರಲ್ಲಿ ವೆಂಡೆಲ್‌ನ ಸೈನಿಕ ಬಾಣ ತಿಂದು ಬಿದ್ದ. ಮರಿಟ್‌ಳದು ವೈದ್ಯೆಯ ಪಾತ್ರ.

"ಗಾಯ ಮುಚ್ಚೋ ಮಂತ್ರ ಹಾಕ್ತೀನಿ. ಹತ್ರ ಹೋಗಲ್ಲ, ಇಲ್ಲಿಂದಾನೇ."

ವೆಂಡೆಲ್ ಪುಟ ತಿರುವಿ ಗಂಟಲು ಸರಿಮಾಡಿಕೊಂಡ. "ಈಗ ಮುಟ್ಟಬೇಕಂತೆ."

"ಯಾರಂದ್ರು? ಆರನೇ ಸಂಪುಟ ಕೊಡು." ಬೆರಳಾಡಿಸಿದಳು. "ಇಲ್ಲಿದೆ ನೋಡು. ಮೂವತ್ತು ಅಡಿ."

"ಅದರಲ್ಲಿದೆ ಮರಿಟ್. ಇದರಲ್ಲಿಲ್ಲ."

ಅವಳ ಬೆರಳು ಆ ಸಾಲಿನ ಮೇಲೆಯೇ ನಿಂತಿತು. "ಹಳೇದೇ ನಡೀಲಿ ಬಿಡು, ಇದೊಂದು ಸಲ," ನಾನೆಂದೆ. "ಬೇಡ. ಎಲ್ಲರಿಗೂ ಒಂದೇ ನಿಯಮ," ಅಂದಳು. ದಾಳ ಹಾಕಿದೆವು. ಸೈನಿಕ ಉಳಿಯಲಿಲ್ಲ.

ಹಳೆಯ ಪುಸ್ತಕಕ್ಕೇ ಮರಳೋಣ ಎಂದು ಮುಂದಿನ ವಾರ ಹೇಳಿದೆ. ಮರಿಟ್ ಒಪ್ಪಲಿಲ್ಲ. "ನನ್ನೊಬ್ಬಳಿಗೋಸ್ಕರ ಮೂರು ಜನ ಹಿಂದೆ ಉಳಿಯೋದು ಬೇಡ. ನನಗೆ ಪುಸ್ತಕ ಬೇಕು, ಅಷ್ಟೆ." ತಿದ್ದಿದ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಓದಿಸಿ ನೋಡಿದ್ದಳು, ಕೋಷ್ಟಕ ಬಂದ ಕಡೆಯೆಲ್ಲ ಅದು ಅಂಕಿಗಳನ್ನು ಕಲಸಿ ಒದರುತ್ತಿತ್ತು.

ಗ್ರಂಥಾಲಯಕ್ಕೆ ಫೋನು ಮಾಡಿದೆ. ಅಲ್ಲಿನ ಹೆಂಗಸು ಒಳ್ಳೆಯವಳೇ. "ಹೊಸ ಆವೃತ್ತಿ ಆದ್ರೆ ಪೂರ್ತಿ ಮಾಡಿಕೊಡ್ತೀವಿ ಮೇಡಂ. ಪ್ರಕಾಶಕರು ಅದೇ ಆವೃತ್ತಿ ಅಂದಿದ್ರೆ ತಿದ್ದುಪಡಿ ಹಾಳೆ ಮಾತ್ರ. ಏನೇನು ಬದಲಾಗಿದೆ ಅಂತ ಅವರಿಂದ ಪಟ್ಟಿ ತಂದುಕೊಡಿ."

ಕಂಪನಿಗೆ ಬರೆದೆ. ಪಟ್ಟಿ ಕೊಡಿ, ಇಲ್ಲವೇ ಇದು ಹೊಸ ಆವೃತ್ತಿ ಎಂದು ಒಂದೇ ಒಂದು ಸಾಲು ಬರೆದುಕೊಡಿ ಎಂದೆ. ಮೂರು ವಾರದ ಮೇಲೆ ಉತ್ತರ ಬಂತು. ಪಟ್ಟಿ ಮಾಡಿಲ್ಲವಂತೆ. ನಿಮ್ಮ ಹಳೆಯ ಪುಸ್ತಕ ಇಂದಿಗೂ ಸಂಪೂರ್ಣ ಮಾನ್ಯ, ಸಂತೋಷವಾಗಿ ಆಡಿ ಅಂತಿತ್ತು. ಮತ್ತೆ ಬರೆದೆ. ಅಕ್ಷರ ಬದಲಾಗದೆ ಅದೇ ಉತ್ತರ ಬಂತು.

ಫೆಬ್ರುವರಿಯ ಒಂದು ಶನಿವಾರ ಮರಿಟ್‌ಳನ್ನು ಕರೆದುಕೊಂಡು ಹಾರ್ಲನ್ ಮನೆಗೆ ಹೋದೆ. ಅವರು ಯಾರೂ ಹೇಳದೆಯೇ ಎರಡೂ ಪುಸ್ತಕ ಎದುರುಬದುರು ಇಟ್ಟುಕೊಂಡು, ಬದಲಾದ ಕಡೆಯೆಲ್ಲ ಹಳದಿ ಚೀಟಿ ಅಂಟಿಸುತ್ತ ಕೂತಿದ್ದರು.

"ಅರವತ್ತನೇ ಪುಟಕ್ಕೆ ಬರೋ ಹೊತ್ತಿಗೇ ನಾನೂರಾ ಹನ್ನೆರಡು ಚೀಟಿ," ಅಂದರು. "ಇದಕ್ಕೆ ತಿದ್ದುಪಡಿ ಹಾಳೆ ಮಾಡಿದ್ರೆ ಏನು ಬಂತು? ನೀನು ಒಂದು ಸಾಲು ಓದೋದು, ಅದು ಇನ್ನೂ ಇದೆಯಾ ಅಂತ ಇನ್ನೊಂದು ಸಂಪುಟದಲ್ಲಿ ತಡಕೋದು."

"ಮತ್ತೆ ಮೊದಲಿಂದ ಮಾಡೋಕಾಗಲ್ವಾ?" ಕೇಳಿದವಳು ನಾನು. ಕೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

"ನನಗೆ ಎಪ್ಪತ್ತೊಂಬತ್ತು, ಗ್ರೆಚೆನ್. ನಾನು ಮುಗಿಸೋ ಹೊತ್ತಿಗೆ ಅವರು ಇನ್ನೊಂದ್ಸಲ ತಿದ್ದಿರ್ತಾರೆ. ಆಗಲೂ ಅದೇ ಆವೃತ್ತಿ ಅಂತಾರೆ." ಮರಿಟ್ ಕಡೆ ತಿರುಗಿದರು. "ವೈದ್ಯೆಯ ಅಧ್ಯಾಯ ಒಂದು ಮಾಡಿಕೊಡ್ತೀನಿ ಮಗಳೇ. ಅಷ್ಟು ನನ್ನ ಕೈಲಾಗುತ್ತೆ."

"ಸಾಕು ಹಾರ್ಲನ್. ಅದೇ ಬೇಕಾದಷ್ಟಾಯ್ತು," ಅಂದಳು ಮರಿಟ್. ಅವರು ಕೊಟ್ಟ ಕಾಫಿ ಆರುವ ತನಕ ಲೋಟ ಹಿಡಿದೇ ಕೂತಿದ್ದಳು.

ವಾಪಸು ಬರುವಾಗ ಕಾರಿನಲ್ಲಿ ನಾನು, "ಇನ್ನೊಂದು ಪತ್ರ ಬರೀತೀನಿ" ಅಂದೆ.

"ಯಾರಿಗೆ?" ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ, ನಿಜಕ್ಕೂ ಕೇಳಿದ್ದಳು.

ಮೇ ತಿಂಗಳಲ್ಲಿ ಆ ಅಧ್ಯಾಯ ಬಂತು, ಒಂದೇ ಒಂದು ತೆಳು ಸಂಪುಟ. ಎರಡೇ ದಿನದಲ್ಲಿ ಓದಿ ಮುಗಿಸಿದಳು. ಈಗ ಅವಳ ಸರದಿ ಬಂದಾಗ ಯಾರೂ ಅವಳನ್ನು ತಿದ್ದಬೇಕಿಲ್ಲ. ಮಿಕ್ಕವರ ಸರದಿಯಲ್ಲಿ ಕೈ ಮಡಿಲಲ್ಲಿಟ್ಟುಕೊಂಡು ಕೇಳುತ್ತಾಳೆ.

ಹೋದ ಗುರುವಾರ ಸೇತುವೆಯ ಮೇಲಿನ ಕಾಳಗದಲ್ಲಿ ನಾನೊಂದು ತೀರ್ಪು ಕೊಟ್ಟೆ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮನೆಗೆ ಬಂದು ಪುಸ್ತಕ ನೋಡಿದರೆ ನಾನು ಹೇಳಿದ್ದು ಪೂರಾ ತಪ್ಪು. ಮರುದಿನ ಮರಿಟ್‌ಳ ಕಚೇರಿಗೇ ಫೋನು ಮಾಡಿ ಒಪ್ಪಿಕೊಂಡೆ.

"ಹೌದಾ? ನನಗೆ ಗೊತ್ತಾಗಲಿಲ್ಲ ಕಣೇ," ಅಂದಳು. ಅಷ್ಟರಲ್ಲಿ ಅವಳ ಇನ್ನೊಂದು ಫೋನು ಹೊಡೆದುಕೊಂಡಿತು. "ಇರು, ಯಾರದೋ ಮನೇಲಿ ಗ್ಯಾಸ್ ಖಾಲಿಯಾಗಿದೆ," ಎಂದು ಇಟ್ಟಳು.