ಅಂಜುತ್ತ ಇಟಲಿ ನೋಡಿದವರು

‘ಅಕಸ್ಮಾತ್’ ಎಂಬ ಪದವಿಲ್ಲದೆ ಶಂಕರಲಿಂಗರು ಒಂದು ಮಾತನ್ನು ಆರಂಭಿಸಿದ್ದನ್ನು ವಸುಂಧರಾ ಮದುವೆಯಾದಂದಿನಿಂದ ಕೇಳಿದವಳಲ್ಲ. ಅಕಸ್ಮಾತ್ ಲಿಫ್ಟು ನಡುವೆ ನಿಂತರೆ, ಅಕಸ್ಮಾತ್ ಗ್ಯಾಸಿನ ನಳಿಕೆ ಸೀಳಿದರೆ, ಅಕಸ್ಮಾತ್ ಮಗಳ ಆಫೀಸಿನ ಬಸ್ಸು ಬೈಪಾಸಿನಲ್ಲಿ ಕೆಟ್ಟು ನಿಂತರೆ. ಬಂಗಾಳಿ ಮಾತಾಡುವಾಗಲೂ ಅದೇ ಪಾಡು. ಆ ಭಾಷೆಯಲ್ಲಿ ‘ಒಂದು ವೇಳೆ’ ಎನ್ನಲು ಇರುವ ‘ಜೊದಿ’ ಎಂಬ ಪದವನ್ನು ಅವರು ಎಷ್ಟು ಧಾರಾಳವಾಗಿ ಬಳಸುತ್ತಿದ್ದರೆಂದರೆ, ಕಲಕತ್ತೆಯ ಬೆಹಾಲಾ ಬಡಾವಣೆಯಲ್ಲಿ ಅವರಿದ್ದ ಕಟ್ಟಡದ ನೆರೆಹೊರೆಯವರ ಬಾಯಲ್ಲಿ ಅವರ ಹೆಸರೇ ಜೊದಿ ಬಾಬು ಎಂದಾಗಿಹೋಗಿತ್ತು.

ಹುಬ್ಬಳ್ಳಿಯಿಂದ ರೈಲ್ವೆ ಕೆಲಸಕ್ಕೆಂದು ಬಂದು ಕಲಕತ್ತೆಯಲ್ಲೇ ನೆಲೆನಿಂತವರು ಅವರು. ಸಿಯಾಲ್ದಾ ವಿಭಾಗದಲ್ಲಿ ಸಿಗ್ನಲ್ ಇನ್‌ಸ್ಪೆಕ್ಟರ್ ಆಗಿದ್ದರು. ಲೋಕಲ್ ಗಾಡಿಗಳಿಗೆ ಜೋತುಬಿದ್ದು ಬರುವ ಆ ಜನಸಾಗರವನ್ನು ನಿತ್ಯ ಕಂಡ ಯಾರಿಗಾದರೂ ಎದೆ ನಡುಗೀತು. ಆದರೆ ಹಾಗೆ ನಡುಗುವುದೇ ಅವರ ಉದ್ಯೋಗವಾಗಿತ್ತು; ಕೆಡಬಹುದಾದ್ದನ್ನೆಲ್ಲ ಅದು ಕೆಡುವ ಮೊದಲೇ ಮನಸ್ಸಿನಲ್ಲಿ ಕೆಡಿಸಿ ನೋಡುವುದಕ್ಕಾಗಿಯೇ ಸರ್ಕಾರ ಅವರಿಗೆ ಸಂಬಳ ಕೊಡುತ್ತಿತ್ತು. ನಿವೃತ್ತಿಯಾದ ದಿನ ಉದ್ಯೋಗ ಹೋಯಿತು, ನಡುಕ ಮನೆಗೆ ಬಂತು. ರಸ್ತೆಯಲ್ಲಿ ನಡೆಯುವಾಗ ಎಡಗೈಯನ್ನು ತುಸು ಹಿಂದಕ್ಕೆ, ಅಂಗೈ ತೆರೆದು ಹಿಡಿದಿರುತ್ತಿದ್ದರು. ಹಿಂದೆ ಬರುವ ಹೆಂಡತಿ ಯಾವ ಗಳಿಗೆಯಲ್ಲಾದರೂ ಎಡವಬಹುದೆಂಬ ಸಿದ್ಧತೆ ಅದು. ವಾಸ್ತವದಲ್ಲಿ ವಸುಂಧರಾ ಅವರಿಗಿಂತ ಮುಂದೆಯೇ ಇರುತ್ತಿದ್ದಳು. ತರಕಾರಿಯವನೊಡನೆ ಧಾರವಾಡದ ರಾಗದ ಬಂಗಾಳಿಯಲ್ಲಿ ಜಗಳವಾಡಿ, ನಕ್ಕು, ಎರಡು ಹಿಡಿ ಕೊತ್ತಂಬರಿಯನ್ನು ಪುಕ್ಕಟೆ ಗಿಟ್ಟಿಸಿಕೊಂಡು ತಿರುಗಿ ನೋಡಿದರೆ, ಗಂಡ ಟ್ರಾಮಿನ ಹಳಿಯ ಆಚೆ, ಕೈ ಚಾಚಿಕೊಂಡು, ಯಾವ ಗಾಡಿಯೂ ಬಾರದ ಆ ಹಳಿಯನ್ನು ದಾಟಲು ಹವಣಿಸುತ್ತಿರುವುದು ಕಾಣುತ್ತಿತ್ತು. ಅಂಜುವ ಕೆಲಸ ಗಂಡನದು, ಅಂಜದಿರುವ ಕೆಲಸ ತನ್ನದು ಎಂದು ಆಕೆ ಸಂಸಾರವನ್ನು ಎಂದೋ ಪಾಲು ಮಾಡಿಬಿಟ್ಟಿದ್ದಳು.

ಇಂಥವರು ಇಟಲಿಗೆ ಹೋದದ್ದೇ ಒಂದು ಸೋಜಿಗ. ಮಗಳು ನಿಕಿತಾ ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಳು; ಕಲಕತ್ತೆಯ ಆ ಜೌಗು ಭೂಮಿಯ ಮೇಲೆ ಗಾಜಿನ ಕಟ್ಟಡಗಳು ಅಣಬೆಗಳಂತೆ ಏಳುತ್ತಿದ್ದ ವರ್ಷಗಳವು. 2006ರಲ್ಲಿ ಕಂಪನಿ ಆಕೆಯನ್ನು ಮಿಲಾನಿಗೆ ಕಳಿಸಿತು. ಅಲ್ಲಿಂದ ಫೋನು ಬಂತು: “ಪಪ್ಪಾ, ಟಿಕೆಟ್ ಆಗಿದೆ. ಅಬ್ ನೋ ಮತ್ ಬೋಲ್ನಾ.” ಶಂಕರಲಿಂಗರು ವಾರವಿಡೀ ವಿಮಾನದ ರೆಕ್ಕೆಯಿಂದ ಹಿಡಿದು ವೆಸೂವಿಯಸ್ ಜ್ವಾಲಾಮುಖಿಯವರೆಗೆ ಎಲ್ಲದರ ಬಗೆಗೂ ಚಿಂತಿಸಿದರು. ಕೊನೆಗೆ ಹೊರಟರು, ಮೈಮೇಲೆ ಕಂದು ಬಣ್ಣದ ಉಣ್ಣೆಯ ಕೋಟು, ಅದರ ಒಳಮೈಗೆ ವಸುಂಧರಾ ಹೊಲಿದುಕೊಟ್ಟ ಗುಪ್ತ ಜೇಬಿನಲ್ಲಿ ಇಬ್ಬರ ಪಾಸ್‌ಪೋರ್ಟು, ತಲೆಗೆ ಚಳಿಗಾಲದ ಬಂಗಾಳಿ ಸಂಸ್ಕೃತಿಯಿಂದ ಅವರು ಮನಸಾರೆ ಸ್ವೀಕರಿಸಿದ್ದ ಏಕಮಾತ್ರ ವಸ್ತುವಾದ ಮಂಕಿ ಕ್ಯಾಪು.

ಆ ಪ್ರವಾಸದ ನೆನಪು ದಂಪತಿಗಳಿಗೆ ಅಮೃತದ ಕೊಡವಾಯಿತು. ಬೆಹಾಲಾದ ಮನೆಗೆ ಯಾರೇ ಬರಲಿ, ಚಹಾದ ಜೊತೆಗೆ ಇಟಲಿ ಬಂದೇ ಬರುತ್ತಿತ್ತು. ವೆನಿಸ್ಸಿನ ದೋಣಿಯಲ್ಲಿ ಗಂಡ ಎರಡೂ ಕೈಯಿಂದ ಅಂಚನ್ನು ಹಿಡಿದು ಕಣ್ಣು ಮುಚ್ಚಿಕೊಂಡದ್ದು, ತಾನು ನೋಡಿದ ಅರಮನೆಗಳನ್ನು ಒಂದೊಂದಾಗಿ ಅವರ ಕಿವಿಯಲ್ಲಿ ಬಣ್ಣಿಸಿದ್ದು. ಪೀಸಾದ ಗೋಪುರ ವಾಲಿದ ಬದಿಗೆ ಹೋಗಲೊಪ್ಪದೆ ಇಡೀ ಬಯಲನ್ನು ಬಳಸಿ ಬಂದದ್ದು. ಫ್ಲಾರೆನ್ಸಿನ ಮುಸ್ಸಂಜೆಯಲ್ಲಿ ನದಿಯ ಮೇಲಿನ ಸೇತುವೆಯ ಮೇಲೆ ನಿಂತು, ಸೇತುವೆ ಎಷ್ಟು ಹಳೆಯದೆಂದು ತಿಳಿದ ಮೇಲೂ, ಹೆಂಡತಿಯ ಮುಖ ನೋಡಿ, ಅಲ್ಲಿಂದ ಕದಲದೆ ನಿಂತದ್ದು. ಇದನ್ನೆಲ್ಲ ಹೇಳುವವಳು ವಸುಂಧರಾ. ಗಂಡನ ಪಾತ್ರ ನಡುನಡುವೆ ತಲೆಯಾಡಿಸಿ, ತನ್ನ ಮೇಲಿನ ನಗೆಗೆ ತಾನೇ ಒಂದಿಷ್ಟು ಸೌದೆ ಒದಗಿಸುವುದು.

ಎಲ್ಲಕ್ಕೂ ಕಳಶವಿಟ್ಟಂಥದ್ದು ಅರೆಟ್ಸೊ ನಿಲ್ದಾಣದ ಕತೆ. ಫ್ಲಾರೆನ್ಸಿನಲ್ಲಿದ್ದಾಗ ನಿಕಿತಾಳಿಗೆ ಆಫೀಸಿನಿಂದ ಕರೆ ಬಂತು. ಅಪ್ಪ ಅಮ್ಮನನ್ನು ರೋಮಿನ ಗಾಡಿಯಲ್ಲಿ ಕೂರಿಸಿ, ತಾನು ಮರುದಿನ ಬಂದು ಸೇರುವೆನೆಂದು ಆಕೆ ಮಿಲಾನಿಗೆ ಮರಳಿದಳು. ದಾರಿಯಲ್ಲಿ ಅರೆಟ್ಸೊ ಎಂಬ ಊರಲ್ಲಿ ಗಾಡಿ ನಿಂತಿತು. ಪ್ಲಾಟ್‌ಫಾರಮ್ಮಿನ ಮೇಲೆ ನೀರಿನ ನಲ್ಲಿ ಕಂಡು ವಸುಂಧರಾ ಬಾಟಲಿ ಹಿಡಿದು ಎದ್ದಳು.

“ಇಳೀಬ್ಯಾಡ, ಅಕಸ್ಮಾತ್ ಬಾಗಿಲಾ ಮುಚ್ಚಿದ್ರ?”

“ಸುಮ್ನ ಕುಂಡ್ರಿ. ಗಾಡಿ ಬಿಟ್ರ ಓಡಿ ಹತ್ತತೀನಿ.”

ಸಿಯಾಲ್ದಾದಲ್ಲಾದರೆ ಓಡಿ ಹತ್ತಬಹುದಿತ್ತು. ಇಲ್ಲಿ ಬಾಗಿಲು ತಾನಾಗಿ ಮುಚ್ಚಿಕೊಂಡಿತು, ಗಾಡಿ ಸದ್ದಿಲ್ಲದೆ ಸರಿಯಿತು. ಆಕೆಯ ಕೈಯಲ್ಲಿ ಅರ್ಧ ತುಂಬಿದ ಬಾಟಲಿ. ಪಾಸ್‌ಪೋರ್ಟು, ಟಿಕೆಟ್ಟು, ಚೀಲ, ಚೀಲದೊಳಗಿನ ಫೋನು, ಗಂಡ, ಎಲ್ಲವೂ ರೋಮಿನ ದಿಕ್ಕಿಗೆ.

ಇಲ್ಲಿಂದ ವಸುಂಧರಾಳ ಅಭಿನಯ ಶುರುವಾಗುತ್ತಿತ್ತು. ಗಾಜಿಗೆ ಒತ್ತಿದ ಮಂಕಿ ಕ್ಯಾಪಿನ ಮುಖ, ನೀರಿಲ್ಲದ ಮೀನಿನಂತೆ ತೆರೆದು ಮುಚ್ಚುವ ಬಾಯಿ. “ನಾ ಏನ್ ಮಾಡ್ಲಿ? ಬೆಂಚಿನ ಮ್ಯಾಲ ಕುಂತೆ. ಬಾಜೂಕ ಒಬ್ಬಾಕಿ ಮುದುಕಿ ದ್ರಾಕ್ಷಿ ಕೊಟ್ಲು. ತವರ ಮನ್ಯಾಗ ಕುಂತಂಗ ಕುಂತು ತಿಂದೆ. ಇವ್ರು ಮುಂದಿನ ಸ್ಟೇಶನ್ನಿನಾಗ ಇಳದು, ತಿರುಗಿ ಬರೂ ಗಾಡಿ ಹಿಡದು ಬರೂತನಾ ಅರ್ಧ ಗೊಂಚಲ ಖಾಲಿ!” ಎಲ್ಲರೂ ಗೊಳ್ಳೆಂದು ನಗುವಾಗ ಶಂಕರಲಿಂಗರೂ ನಕ್ಕು, “ಸರಪಳಿ ಎಳೀಬೇಕಂತ ಎದ್ದೆ. ಆದ್ರ ಹಿಂದಿನ ಗಾಡಿ ನೆಪ್ಪಾತು. ಅಕಸ್ಮಾತ್ ಅದು ಬಂದು ಗುದ್ದಿದ್ರ? ಎದ್ದಾವ ಕುಂತೆ, ಕುಂತಾವ ಎದ್ದೆ,” ಎಂದು ಸೇರಿಸುತ್ತಿದ್ದರು.

ಹೀಗೆ ಎರಡು ವರ್ಷ ಕಳೆಯಿತು. ಒಂದು ಬೆಳಿಗ್ಗೆ ವಸುಂಧರಾ ಕತ್ತೆತ್ತಿ ನೀರು ಕುಡಿಯುತ್ತಿದ್ದಳು. ಎದುರು ಕೂತಿದ್ದ ಶಂಕರಲಿಂಗರು ಪತ್ರಿಕೆ ಕೆಳಗಿಟ್ಟರು. “ವಸು, ಇನ್ನೊಮ್ಮೆ ನುಂಗು. ಗಂಟಲದಾಗ ಏನೋ ಸರದಾಡಿದಂಗ ಕಾಣತೈತಿ.” ಆಕೆ ನಕ್ಕಳು. ಅವರು ಅಲ್ಲಿಯವರೆಗೆ ಆಕೆಯಲ್ಲಿ ಕಂಡುಹಿಡಿದಿದ್ದ ರೋಗಗಳಿಗೆ ಒಂದು ಆಸ್ಪತ್ರೆಯೇ ಸಾಲುತ್ತಿರಲಿಲ್ಲ. ದಿನವೂ ಅದೇ ಮಾತು, ದಿನವೂ ಅದೇ ನಗು. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಕನ್ನಡಿಯ ಮುಂದೆ ನಿಂತು ಕುಂಕುಮವಿಡುವಾಗ, ಕತ್ತಿನ ಬಲಬದಿಯಲ್ಲಿ ನೆಲ್ಲಿಕಾಯಿಯಷ್ಟು ಗಾತ್ರದ ಗಂಟೊಂದು ನುಂಗಿದಾಗಲೆಲ್ಲ ಏರಿಳಿಯುವುದನ್ನು ಆಕೆ ತಾನೇ ಕಂಡಳು. ಇಷ್ಟು ವರ್ಷ ಸುಳ್ಳು ಹೇಳುತ್ತ ಬಂದ ಗಂಡನ ಭಯ ಈ ಸಲ ನಿಜ ಹೇಳಿತ್ತು. ಕುಂಕುಮದ ಬಟ್ಟಲನ್ನು ಕೆಳಗಿಡಲಾಗದೆ ಬಹಳ ಹೊತ್ತು ಹಾಗೆಯೇ ನಿಂತಿದ್ದಳು.

ಬೈಪಾಸಿನ ಬದಿಯ ಆಸ್ಪತ್ರೆಯಲ್ಲಿ ವೈದ್ಯರು ಸೌಜನ್ಯದಿಂದಲೇ ಹೇಳಿದರು: ಗಂಟು ತೆಗೆಯಬೇಕು, ಒಳ್ಳೆಯದೋ ಕೆಟ್ಟದ್ದೋ ತೆಗೆದ ಮೇಲೆಯೇ ತಿಳಿಯುವುದು, ಸ್ವರದ ನರ ಅದಕ್ಕೆ ಅಂಟಿಕೊಂಡಂತಿದೆ, ಪೆಟ್ಟಾದರೆ ದನಿ ಒಡೆಯಬಹುದು, ಕ್ವಚಿತ್ತಾಗಿ ಹೋಗಿಯೂ ಬಿಡಬಹುದು.

ಅಂದಿನಿಂದ ವಸುಂಧರಾಳ ಬಾಯಿ ಕಟ್ಟಿತು. ಶಸ್ತ್ರಕ್ರಿಯೆಗೆ ಮೊದಲೇ ದನಿ ಹೋದಂತಾಯಿತು. ತರಕಾರಿಯವನು ಹೇಳಿದ ದರವನ್ನೇ ಕೊಟ್ಟು ಬಂದಳು. ಅಡುಗೆಮನೆಯಲ್ಲಿ ಒಲೆ ಹಚ್ಚಿ, ಏಕೆ ಹಚ್ಚಿದೆನೆಂದು ಮರೆತು, ಜ್ವಾಲೆಯನ್ನೇ ನೋಡುತ್ತ ನಿಲ್ಲುವಳು. ಒಬ್ಬಳೇ ಇದ್ದಾಗ ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳಿಕೊಂಡು ಕಿವಿಗೊಡುವಳು. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಏನೂ ಆಗುವುದಿಲ್ಲ. ನಿಕಿತಾಳೂ ಮಿಲಾನಿನಿಂದ ಫೋನಿನಲ್ಲಿ ಅದನ್ನೇ ಅಂದಳು: “ಅಮ್ಮಾ, ಇದು ರೊಟೀನ್ ಸರ್ಜರಿ. ಕುಛ್ ನಹೀ ಹೋಗಾ.” ಪ್ರತಿಯೊಂದು ಸಾಂತ್ವನವೂ ಆಕೆಯನ್ನು ಇನ್ನಷ್ಟು ಒಂಟಿಯಾಗಿಸುತ್ತಿತ್ತು, ಭಯಪಡಲು ಯಾರ ಅನುಮತಿಯೂ ಇಲ್ಲದವಳಂತೆ ಆಕೆ ತಲೆಯಾಡಿಸುತ್ತಿದ್ದಳು. ಆ ಮಾತನ್ನು ಆಡದೆ ಉಳಿದವರು ಶಂಕರಲಿಂಗರೊಬ್ಬರೇ. ಅವರಲ್ಲಿ ಒಂದು ವಿಚಿತ್ರ ಶಾಂತಿ ನೆಲೆಸಿತ್ತು. ಇದೇನು, ಎಲ್ಲದಕ್ಕೂ ಹೆದರುವವರು ನನ್ನ ಜೀವಕ್ಕೆ ಬಂದಾಗ ಹೆದರುತ್ತಿಲ್ಲವಲ್ಲ ಎಂದು ಆಕೆಗೆ ಒಳಗೊಳಗೇ ಮುನಿಸೂ ಆಯಿತು.

ಶಸ್ತ್ರಕ್ರಿಯೆಯ ಹಿಂದಿನ ಸಂಜೆ ಇಬ್ಬರೇ ಆಸ್ಪತ್ರೆಯ ಕೋಣೆಯಲ್ಲಿದ್ದರು. ಕಿಟಕಿಯಾಚೆ ಬೈಪಾಸಿನ ವಾಹನಗಳ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ದಾದಿ ಬಂದು ಬಳೆ, ತಾಳಿ ಬಿಚ್ಚಿಡಬೇಕೆಂದು ಹೇಳಿಹೋಗಿದ್ದಳು. ಬಳೆ ಸರಿಸಲು ಹೋದ ವಸುಂಧರಾ ಒಂದನ್ನು ತೆಗೆದು ಅಲ್ಲಿಗೇ ಬಿಟ್ಟಳು. ಶಂಕರಲಿಂಗರು ಕುರ್ಚಿ ಎಳೆದುಕೊಂಡು ಹತ್ತಿರ ಕೂತು, ಆಕೆಯ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡರು.

“ಅಂಜಿಕಿ ಬಂದೈತಲ್ಲ?” ಎಂದರು. “ಬರ್ಲಿ, ತಡೀಬ್ಯಾಡ. ಮೊದಲ ಕೈಗೆ ಬರತೈತಿ, ಹಿಂಗ ತಣ್ಣಗ ಆಗತಾವು. ಆಮ್ಯಾಲ ಹೊಟ್ಟಿಗೆ. ಅಲ್ಲಿಂದ ಎದಿಗೆ ಏರಿ, ಈಗ ಸತ್ತೆ ಅನಸತೈತಿ. ಅಷ್ಟ. ಅದಕ್ಕೂ ದಣಿವು ಐತಿ, ವಸು. ಏರಿದ್ದು ಇಳೀತೈತಿ. ಮತ್ತ ಬರತೈತಿ, ಮತ್ತ ಇಳೀತೈತಿ. ನನಗ ಅದರ ದಾರಿ ಗೊತ್ತೈತಿ. ನಾ ಇಲ್ಲೇ ಕುಂತಿರ್ತೀನಿ.”

ಆಕೆ ಅತ್ತಳು. ಇಷ್ಟು ದಿನ ಕಟ್ಟಿಹಿಡಿದದ್ದೆಲ್ಲ ಹರಿಯುವವರೆಗೆ ಅತ್ತಳು. ಅವರು ಹೇಳಿದಂತೆಯೇ ಅದು ಎದೆಗೇರಿತು, ಇನ್ನು ಉಸಿರೇ ಇಲ್ಲ ಎನ್ನಿಸಿತು, ನಿಧಾನವಾಗಿ ಇಳಿಯಿತು. ಇಳಿದಾಗ ಬಾಯಿ ತಾನಾಗಿ ತೆರೆಯಿತು.

“ರೀ, ಅರೆಟ್ಸೊದಾಗೂ ಹಿಂಗ ಆಗಿತ್ತು. ಏಳಾಕ ಕಾಲಾಗ ಕಸುವ ಇರ್ಲಿಲ್ಲ, ಅದಕ್ಕ ಬೆಂಚಿನ ಮ್ಯಾಲ ಕುಂತಿದ್ದೆ. ನೀವು ಬರೂದ ಇಲ್ಲ ಅನಿಸಿಬಿಟ್ಟಿತ್ತು. ಆ ಊರಾಗ ನನ್ನ ಹೆಸರು ಹಿಡದು ಕರಿಯಾವ್ರು ಒಬ್ರೂ ಇಲ್ಲಲ್ಲ ಅಂತ... ಒಂದು ದ್ರಾಕ್ಷಿನೂ ತಿಂದಿಲ್ಲ ನಾ. ಎಲ್ಲಾ ಸುಳ್ಳ ಹೇಳೇನಿ.”

“ಗೊತ್ತೈತಿ,” ಎಂದರು ಶಂಕರಲಿಂಗರು.

“ಹ್ಯಾಂಗ?”

“ನಾ ಬಂದಾಗ ಗೊಂಚಲ ನಿನ್ನ ಮುಷ್ಟ್ಯಾಗ ಹಿಚಕಿ ಹೋಗಿತ್ತು. ರಸ ಬಳಿ ಮ್ಯಾಲ ಹರದು ಮೊಣಕೈತನಾ ಇಳದಿತ್ತು. ಕರವಸ್ತ್ರಲೆ ಒರಸಿದಾವ ನಾನ ಅಲ್ಲ?”

ಆ ಕರವಸ್ತ್ರ ಆಕೆಗೆ ಈಗ ನೆನಪಾಯಿತು. ಒಂದೂ ಮಾತಾಡದೆ, ಬೈಯದೆ, ‘ನಾ ಹೇಳಿರ್ಲಿಲ್ಲೇನು’ ಎನ್ನದೆ, ಬೆರಳು ಬೆರಳನ್ನೂ ಬಿಡಿಸಿ ಒರೆಸಿದ್ದರು.

“ಮತ್ತ ಇಷ್ಟು ಮಂದಿ ಮುಂದ ನಿಮ್ಮನ್ನ ನಗಸಾರ ಮಾಡೀನಿ. ಯಾಕ ಸುಮ್ಮನ ಇದ್ರಿ?”

“ನೀ ಹೇಳೂ ಕತಿ ಚಲೋ ಇತ್ತು,” ಎಂದು ಅವರು ಉಳಿದ ಬಳೆಯನ್ನು ನೋವಾಗದಂತೆ ಸರಿಸಿದರು.

ಮರುದಿನ ಗಂಟು ಹೊರಬಂತು. ಅದು ಕೆಟ್ಟದ್ದಲ್ಲವೆಂದು ತಿಳಿಯಲು ವಾರ ಹಿಡಿಯಿತು. ಆ ವಾರವನ್ನು ಇಬ್ಬರೂ ಕೈಹಿಡಿದು, ಕತ್ತಲ ಓಣಿಯೊಂದನ್ನು ದಾಟುವವರಂತೆ ದಾಟಿದರು. ಭಯ ಏರಿದಾಗ ಆಕೆ ಅವರ ಕಡೆ ನೋಡುವಳು, ಅವರು ತಲೆಯಾಡಿಸುವರು, ಅದು ಇಳಿಯುವುದು. ನರಕ್ಕೆ ಮಾತ್ರ ಪೆಟ್ಟು ಬಿದ್ದಿತ್ತು. ಹಲವು ತಿಂಗಳು ವಸುಂಧರಾಳಿಗೆ ಪಿಸುಮಾತಷ್ಟೇ ಉಳಿಯಿತು. ಆಮೇಲೆ ಬಂದದ್ದೂ ಹಳೆಯ ಕಂಠವಲ್ಲ, ಒಣ ಎಲೆಯ ಮೇಲೆ ಕಾಲಿಟ್ಟಂಥ ಒಂದು ಸ್ವರ.

ಮರುವರ್ಷ ಡಮ್ ಡಮ್ಮಿನ ಮಾಧವನ ಮನೆಯಲ್ಲಿ ಕೆಲವು ಕನ್ನಡಿಗರು ಊಟಕ್ಕೆ ಸೇರಿದ್ದರು. ಮಾಧವ ನಿಕಿತಾಳ ಆಫೀಸಿನವನು, ಬೆಂಗಳೂರಿನಿಂದ ಬಂದ ಉತ್ಸಾಹಿ ತರುಣ. ಇಟಲಿಯ ಕತೆ ಆಗಬೇಕೆಂದು ಪಟ್ಟು ಹಿಡಿದ. ಈ ಸಲ ಹೇಳಿದವರು ಶಂಕರಲಿಂಗರು. ಹೆಂಡತಿಯ ಒಂದೊಂದು ಪದವನ್ನೂ ಹಾಗೆಯೇ ಇಟ್ಟುಕೊಂಡು, ಮೀನಿನ ಬಾಯಿಯನ್ನು ತಾವೇ ಮಾಡಿ ತೋರಿಸಿ, ಮುದುಕಿಯ ದ್ರಾಕ್ಷಿಯವರೆಗೆ ಬಂದರು. ಕೋಣೆ ನಗೆಯಿಂದ ತುಂಬಿತು.

“ಆಂಟಿ, ನಿಜವಾಗ್ಲೂ ನಿಮಗೆ ಒಂಚೂರೂ ಭಯ ಆಗ್ಲಿಲ್ವಾ?” ಎಂದ ಮಾಧವ.

“ಅಕೀಗೇನ್ ಅಂಜಿಕಿ,” ಎಂದು ಶಂಕರಲಿಂಗರು ನಡುವೆ ಬಂದರು. “ಅಂಜಿದಾವ ನಾನು.”

“ಆಗಿತ್ತು,” ಎಂದಳು ವಸುಂಧರಾ. ಒಡೆದ ದನಿ ಕೇಳಿಸಲೆಂದು ಎಲ್ಲರೂ ಮುಂದಕ್ಕೆ ಬಾಗಿದರು. “ಭಾಳ ಆಗಿತ್ತು. ಇವರು ಬಂದ ಮ್ಯಾಲ ಹೋತು.”

ಶಂಕರಲಿಂಗರು ತಲೆ ತಗ್ಗಿಸಿ ಕನ್ನಡಕ ತೆಗೆದು ಒರೆಸತೊಡಗಿದರು.

ಲೋಕ ಇಂಥವರನ್ನು ಪುಕ್ಕಲರೆಂದು ಕರೆದು ನಕ್ಕು ಮುಂದೆ ಹೋಗುತ್ತದೆ. ಧೀರರ ಸಹವಾಸದಲ್ಲಿ ಸುಖದ ದಿನಗಳು ಸೊಗಸಾಗಿ ಕಳೆಯುತ್ತವೆ, ನಿಜ. ಆದರೆ ಧೀರರಿಗೆ ಭಯ ಎಂಬುದು ಪರದೇಶ, ಅಲ್ಲಿಗೆ ತಳ್ಳಲ್ಪಟ್ಟ ದಿನ ಅವರಿಗೆ ಭಾಷೆ ತಿಳಿಯದು, ದಾರಿ ತಿಳಿಯದು. ಅಂಜುತ್ತಲೇ ಬಾಳಿದವರು ಆ ನಾಡಿನ ಖಾಯಂ ನಿವಾಸಿಗಳು. ಅದರ ಇಕ್ಕಟ್ಟಾದ ಓಣಿಗಳನ್ನೂ ತಿರುವುಗಳನ್ನೂ ಬಲ್ಲವರು. ಯಾರಾದರೂ ಪ್ರಿಯರು ಅಲ್ಲಿ ದಿಕ್ಕುಗಾಣದೆ ಕೂತಿರುವುದು ಕಂಡಾಗ, ತಾವೂ ನಡುಗುತ್ತಲೇ, ನಡುಗುವುದನ್ನು ಮರೆಮಾಚುವ ಗೋಜಿಗೂ ಹೋಗದೆ, ಬಂದು ಪಕ್ಕದಲ್ಲಿ ಕೂರುವವರು ಅವರೇ.