ಬೊಬ್ಬರ್ಯನ ಬಾವಿಯ ಸಾಕ್ಷಿ

ನಾನು ಬರೆದ ಅರ್ಜಿಗಳಲ್ಲಿ ಒಂದೇ ಒಂದು ದೆಹಲಿಯ ತನಕ ಹೋಗಿ ಕೆಲಸ ಮಾಡಿತು. ಶಾಲೆಗೆ ಮೇಷ್ಟ್ರು ಬೇಕು, ಹೊಳೆ ದಾಟಲು ಇನ್ನೊಂದು ದೋಣಿ ಬೇಕು ಎಂದು ಬರೆದವೆಲ್ಲ ಮಂಗಳೂರಿನ ಯಾವ ಮೇಜಿನ ಮೇಲೆ ಸತ್ತವೋ ಗೊತ್ತಿಲ್ಲ. ಆ ಒಂದನ್ನು ಮಾತ್ರ ಯಾರೋ ಪುಣ್ಯಾತ್ಮರು ಹದಿಮೂರು ವರ್ಷ ಜೋಪಾನವಾಗಿ ಇಟ್ಟಿದ್ದರು. ಅದು ಸುಳ್ಳು ಅರ್ಜಿ.

ನನ್ನ ಹೆಸರು ಪೂವಪ್ಪ. ಹೊಳೆಯಾಚೆ ಮರಳಿನ ಮೇಲಿರುವ, ಮೀನು ಹಿಡಿಯುವ ಮೊಗವೀರರ ಕೇರಿ ನಮ್ಮ ಪಟ್ಣ, ಒಟ್ಟು ನಲವತ್ತೊಂದು ಮನೆ. ಮಿಶನ್ ಶಾಲೆಯಲ್ಲಿ ನಾಲ್ಕಕ್ಷರ ಕಲಿತದ್ದರಿಂದ ಹಂಚಿನ ಕಾರ್ಖಾನೆಯಲ್ಲಿ ರೈಟರನ ಕೆಲಸ ಸಿಕ್ಕಿತು, ಪಟ್ಣದವರ ಕಾಗದಪತ್ರ ಬರೆಯುವ ಕೆಲಸ ಬಿಟ್ಟಿಯಾಗಿ ಗಂಟುಬಿತ್ತು. ನಮ್ಮ ಗುರಿಕಾರ ಗಿರಿಯಪ್ಪ ನನ್ನ ಅಮ್ಮನ ಅಣ್ಣ. ಗುರಿಕಾರನನ್ನು ನಾವು ಆರಿಸುವುದಿಲ್ಲ, ಮಾವನ ತರುವಾಯ ಸೋದರಳಿಯ ಆ ಜಾಗದಲ್ಲಿ ಕೂರುತ್ತಾನೆ, ಅಷ್ಟೆ. ಹೊರಗಿನವರ ಎದುರು ಗುರಿಕಾರನೊಬ್ಬನೇ ಮಾತಾಡಬೇಕು, ಉಳಿದವರು ತಲೆಯಾಡಿಸಬೇಕು. ಎದುರು ಹೇಳಿದವನ ಬಲೆಯನ್ನು ರಂಪಣಿಯಿಂದ ಬಿಚ್ಚಿ ಮರಳಿಗೆ ಹಾಕುತ್ತಾರೆ. ರಂಪಣಿ ಎಂದರೆ ಒಬ್ಬನ ಬಲೆಯಲ್ಲ. ಮನೆಗೊಂದು ತುಂಡಿನಂತೆ ನೇಯ್ದು ತಂದು, ಎಲ್ಲವನ್ನೂ ಸೇರಿಸಿ ಕಟ್ಟಿದ ಭಾರೀ ಬಲೆ ಅದು. ತುಂಡು ಬಿಚ್ಚಿಸಿಕೊಂಡ ಮನೆಗೆ ಕಡಲಿದ್ದೂ ಇಲ್ಲ. ನಾನು ಹುಡುಗನಾಗಿದ್ದಾಗ ಒಂದು ಮನೆಗೆ ಹಾಗೆ ಮಾಡಿದ್ದರು. ಅವರು ಘಟ್ಟ ಹತ್ತಿ ಕೂಲಿಗೆ ಹೋದವರು ಮತ್ತೆ ಬರಲಿಲ್ಲ.

ಸಾವಿರದ ಒಂಬೈನೂರ ಮೂವತ್ತನಾಲ್ಕರ ಬೇಸಗೆಯಲ್ಲಿ ಕಾಲರಾ ಬಂತು. ಆಗ ಜಿಲ್ಲೆಯ ಹೆಲ್ತ್ ಆಫೀಸರ್ ಆಗಿದ್ದವರು ಆಂಬ್ರೋಸ್ ಡಾಕ್ಟರು. ಪ್ಯಾಂಟು ಮಡಚಿ, ಬ್ಲೀಚಿಂಗ್ ಪುಡಿಯ ಬಾಲ್ದಿಯನ್ನು ತಾವೇ ಹಿಡಿದುಕೊಂಡು ಮರಳಿನಲ್ಲಿ ಬರುತ್ತಿದ್ದರು. ಮನುಷ್ಯ ಒಳ್ಳೆಯವರು, ಬಾಯಿ ಮಾತ್ರ ಜೋರು. ನಮ್ಮಲ್ಲಿದ್ದ ಮೂರು ಬಾವಿಗಳಲ್ಲಿ ಎರಡಕ್ಕೆ ಪುಡಿ ಹಾಕಿದರು. ಮೂರನೆಯದು ಬೊಬ್ಬರ್ಯ ದೈವದ ಗುಡಿಯ ಪಕ್ಕದ್ದು. ಅದರ ಮಗ್ಗುಲಲ್ಲೇ ರೋಗಿಗಳ ಬಟ್ಟೆ ಒಗೆಯುತ್ತಿದ್ದರು. ಈ ಬಾವಿಗೆ ಪುಡಿ ಸಾಲದು, ಇದು ಸತ್ತ ಬಾವಿ ಎಂದು ಡಾಕ್ಟರು ಹಲಗೆ ಮುಚ್ಚಿಸಿ, ಅಂಚಿಗೆ ಸುಣ್ಣದ ಗಾರೆ ಮೆತ್ತಿಸಿ, ಒಬ್ಬ ಪೇದೆಯನ್ನು ಕಾವಲಿಗೆ ಕೂರಿಸಿದರು. ಅಡ್ಡ ಬಂದ ಗಿರಿಯಪ್ಪ ಮಾವನನ್ನು ಹೆಂಗಸರು ಮಕ್ಕಳ ಎದುರೇ ಬೈದರು. ಮಾವ ಅದನ್ನು ಸಾಯುವ ತನಕ ಮರೆಯುವ ಜನವಲ್ಲ.

ಬೇಸಗೆಯ ನಡುವೆ ಬರುವ ಪಗ್ಗು ಸಂಕ್ರಮಣದ ದಿನ ಬೊಬ್ಬರ್ಯನಿಗೆ ವರ್ಷದ ಪೂಜೆ, ತಂಬಿಲ. ತಂಬಿಲದ ಮೊದಲ ಕೊಡ ದೈವದ ಬಾವಿಯದ್ದೇ ಆಗಬೇಕು. ನನ್ನ ಅಜ್ಜನ ಅಜ್ಜನ ಕಾಲದಿಂದಲೂ ಹಾಗೆಯೇ. ಮಾವ ನನ್ನೊಬ್ಬನನ್ನೇ ಕರೆದು, ಪೇದೆ ಊಟಕ್ಕೆ ಹೋದಾಗ ಒಂದು ಕೊಡ ಸೇದಿ ತಾ, ಯಾರಿಗೂ ಹೇಳಬೇಡ, ಹೇಳಿದರೆ ಜನ ಹೆದರುತ್ತಾರೆ ಎಂದ. ಪುಸ್ತಕ ಓದಿದವನು ನಾನು, ಬಾವಿ ಯಾಕೆ ಮುಚ್ಚಿದ್ದಾರೆಂದು ಚೆನ್ನಾಗಿ ಗೊತ್ತಿತ್ತು. ಆದರೂ ನಡುಮಧ್ಯಾಹ್ನ ಹಾರೆಯಲ್ಲಿ ಹಲಗೆ ಎಬ್ಬಿಸಿ ಸೇದಿದೆ. ಮತ್ತೆ ಹಲಗೆ ಕೂರಿಸಿ, ಮಾವ ಕೊಟ್ಟ ಸುಣ್ಣ ಕಲಸಿ ಮೆತ್ತಿದೆ. ದೈವಕ್ಕಿಟ್ಟು ಉಳಿದ ನೀರನ್ನು ಎಲ್ಲರಿಗೂ ತೀರ್ಥವೆಂದು ಹಂಚಿದರು. ಪುಡಿ ಹಾಕಿದ ಬಾವಿಯ ನೀರೆಂದೇ ಜನ ತಿಳಿದಿದ್ದರು. ಬಿಸಿಲು ಜೋರಾಗಿತ್ತು. ನನ್ನ ತಂಗಿ ಗುಲಾಬಿ, ಒಂಬತ್ತು ವರ್ಷದವಳು, ಇನ್ನೊಂದು ಬೊಗಸೆ ಕೇಳಿದಳು. ನಾನೇ ಕೊಟ್ಟೆ.

ನಾಲ್ಕು ದಿನಗಳಲ್ಲಿ ಹನ್ನೊಂದು ಜನ ಸತ್ತರು. ಗುಲಾಬಿ ಮೂರನೆಯವಳು.

ಬಿಳಿ ಪುಡಿಯೇ ಕೊಂದಿತು ಎಂದು ಪಟ್ಣವಿಡೀ ನಂಬಿತು. ನಂಬದೆ ಏನು ಮಾಡುತ್ತಾರೆ? ಅವರಿಗೆ ಗೊತ್ತಿದ್ದದ್ದು ಅಷ್ಟೆ. ಮಾವ ಜಗಲಿಯಲ್ಲಿ ಕೂತು ಹೇಳಿದ, ನಾನು ಬರೆದೆ. ‘ಸದರಿ ಡಾಕ್ಟರು ಹಾಕಿದ ವಿಷಪುಡಿಯಿಂದ ಹನ್ನೊಂದು ಪ್ರಾಣ ಹೋಗಿರುತ್ತದೆ’ ಎಂಬ ವಾಕ್ಯ ನನ್ನದೇ. ಅಕ್ಷರ ದುಂಡಗಿತ್ತು, ಎಲ್ಲರೂ ಹೊಗಳಿದರು. ಕೆಳಗೆ ನಲವತ್ತೊಂದು ಹೆಬ್ಬೆಟ್ಟು.

ಆಮೇಲೆ ಹದಿಮೂರು ವರ್ಷಗಳಲ್ಲಿ ಮದುವೆಯಾದೆ. ಹೆಂಡತಿ ಅಮ್ಮಣ್ಣಿ, ಮಗಳು ಹೇಮಾಕ್ಷಿ. ಅಮ್ಮ ಗುಲಾಬಿಯ ಹೆಸರೆತ್ತುವುದನ್ನು ಬಿಟ್ಟಿದ್ದಳು. ಹಳೆಯದು ಮಣ್ಣುಪಾಲಾಯಿತು ಎಂದು ನಾನೂ ತಿಳಿದೆ.

ಸ್ವಾತಂತ್ರ್ಯ ಬಂದ ವರ್ಷದ ನವರಾತ್ರಿ ಕಳೆದ ಮೇಲೆ ಆಂಬ್ರೋಸ್ ಡಾಕ್ಟರು ಕಾರ್ಖಾನೆಯ ಗೇಟಿಗೆ ಬಂದರು. ತಲೆ ಪೂರ್ತಿ ನರೆತಿತ್ತು, ಈ ನಡುವೆ ಹುದ್ದೆಯಲ್ಲಿ ತುಂಬ ಮೇಲೇರಿದ್ದರು. ದೆಹಲಿಯ ಹೊಸ ಸರ್ಕಾರ ಇಡೀ ದೇಶದ ಆರೋಗ್ಯ ಇಲಾಖೆಗೆ ಒಬ್ಬ ಮುಖ್ಯಸ್ಥನನ್ನು ಹುಡುಕುತ್ತಿತ್ತಂತೆ. ಸೋಸಿ ಸೋಸಿ ಕೊನೆಗೆ ಉಳಿದದ್ದು ಎರಡು ಹೆಸರು. ಒಂದು ಇವರದು. ಇನ್ನೊಬ್ಬರು ದೊಡ್ಡವರ ನಂಟಿನವರು, ದೊಡ್ಡ ಆಸ್ಪತ್ರೆಯ ಕುರ್ಚಿ ಬಿಟ್ಟು ಕದಲಿದವರಲ್ಲ. ಆ ಕಡೆಯವರು ಯಾರೋ ನನ್ನ ಅರ್ಜಿಯನ್ನು ಹುಡುಕಿ ತೆಗೆದಿದ್ದರು. ನಿಜವೋ ಸುಳ್ಳೋ ವಿಚಾರಿಸಲು ಅಧಿಕಾರಿಯೊಬ್ಬರು ಗುರುವಾರ ಮಂಗಳೂರಿನ ಬಲ್ಮಠದ ಸರ್ಕಾರಿ ಬಂಗಲೆಗೆ ಬರುವವರಿದ್ದರು.

“ತಂಬಿಲದ ಮರುದಿನ ನಾನು ಬಂದಾಗ ಬಾವಿಯ ಸುಣ್ಣ ಹಸಿ ಇತ್ತು ಪೂವಪ್ಪ,” ಎಂದರು ಡಾಕ್ಟರು. “ನಾನು ಮೆತ್ತಿಸಿ ಎಂಟು ದಿನ ಆಗಿತ್ತು. ರಿಪೋರ್ಟಿನಲ್ಲಿ ಬರೆದಿದ್ದೇನೆ, ಸಾಕ್ಷಿ ಇಲ್ಲ. ಯಾರು ತೆಗೆದದ್ದು ಅಂತ ನಾನು ಕೇಳುವುದಿಲ್ಲ. ತೆಗೆದದ್ದು ಹೌದು ಅಂತ ಒಬ್ಬ ಹೇಳಿದ್ರೆ ಸಾಕು.”

ಅವರು ಜೇಬಿನಿಂದ ಒಂದು ಮಾಸಿದ ಪುಸ್ತಕ ತೆಗೆದು ತೋರಿಸಿದರು. ಕಾಸರಗೋಡಿನಿಂದ ಕುಂದಾಪುರದ ತನಕ ಕಡಲ ಬದಿಯ ಪ್ರತಿಯೊಂದು ಬಾವಿಯ ಆಳ, ದೂರ, ಯಾವ ಬೇಸಗೆಯಲ್ಲಿ ಎಷ್ಟು ಸಾವು ಎಲ್ಲವೂ ಅದರಲ್ಲಿತ್ತು. ಹೀಗೆ ದೇಶದ ಪ್ರತಿಯೊಂದು ಬಾವಿಯನ್ನೂ ಬರೆಸಬೇಕು ಎಂದರು.

“ಕುರ್ಚಿಯ ಆಸೆ ನನಗಿಲ್ಲ ಮಾರಾಯ,” ಎಂದವರು ತುಸು ತಡೆದರು. “ಅಲ್ಲ, ಉಂಟು. ಸುಳ್ಳು ಯಾಕೆ ಹೇಳಲಿ? ತುಂಬ ಉಂಟು.”

ಗುರುವಾರಕ್ಕೆ ಮೂರು ದಿನವಿತ್ತು. ಬಲೆ ಬಿಚ್ಚುತ್ತಾರೆ ಎಂಬ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಕಾರ್ಖಾನೆಯ ಸಂಬಳವಿತ್ತು, ಹೇಗೋ ಬದುಕುತ್ತಿದ್ದೆ. ನಿಜವಾದ ಹೆದರಿಕೆ ಅಮ್ಮನದು. ಬಾವಿ ತೆಗೆದದ್ದು ಹೌದು ಎಂದರೆ ಮುಂದಿನ ಪ್ರಶ್ನೆ ಯಾರು ಎಂಬುದೇ. ಗುಲಾಬಿಯನ್ನು ಕೊಂದದ್ದು ಸರ್ಕಾರದ ಪುಡಿ ಎಂದು ನಂಬಿ ಹದಿಮೂರು ವರ್ಷ ದಿನ ದೂಡಿದ ಮುದುಕಿಗೆ, ಅಲ್ಲ ಅಮ್ಮ, ನಾನು ಎಂದು ಹೇಗೆ ಹೇಳಲಿ? ಯಾವ ಮಗ ಹೇಳಿಯಾನು?

ಗುರುವಾರ ನಾವೆಲ್ಲ ಹೊಳೆ ದಾಟಿ ಬಲ್ಮಠದ ಗುಡ್ಡ ಹತ್ತಿದೆವು. ಬಂಗಲೆಯ ಜಗಲಿಯಲ್ಲಿ ಅಧಿಕಾರಿ, ಪಕ್ಕದಲ್ಲಿ ಅವರ ಇಂಗ್ಲಿಷನ್ನು ಕನ್ನಡ ಮಾಡುವ ಗುಮಾಸ್ತ. ಡಾಕ್ಟರು ಮೂಲೆಯ ಬೆಂಚಿನಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟು ಕೂತಿದ್ದರು. ಸತ್ತವರ ಮನೆಯ ಹೆಂಗಸರು ಅಂಗಳದಲ್ಲಿ ನಿಂತರು, ಅಮ್ಮ ಎಲ್ಲರಿಗಿಂತ ಮುಂದೆ. ಮೂರನೆಯ ಬಾವಿಯನ್ನು ತೆಗೆದದ್ದುಂಟೋ ಎಂದು ಗುಮಾಸ್ತ ಕೇಳಿದ. ಮಾವ ಕಣ್ಣು ಕೂಡ ಮಿಟುಕಿಸದೆ ಇಲ್ಲ ಎಂದ. ಉಳಿದವರು ತಲೆಯಾಡಿಸಿದರು. ಅವರದು ಸುಳ್ಳಲ್ಲ, ಪಾಪ, ಅವರಿಗೆ ಗೊತ್ತಿರಲಿಲ್ಲ.

ಅಷ್ಟಕ್ಕೇ ಮುಗಿಯಬಹುದಿತ್ತು. ಅಧಿಕಾರಿ ಅರ್ಜಿಯ ಮೇಲೆ ಬೆರಳಿಟ್ಟು ಏನೋ ಕೇಳಿದರು.

“ಇದನ್ನು ಬರೆದದ್ದು ಯಾರು? ಬರೆದದ್ದು ನಿಜವೇ?” ಎಂದ ಗುಮಾಸ್ತ.

ನಾನು ಮುಂದೆ ಹೋದೆ. ಡಾಕ್ಟರು ನನ್ನನ್ನು ನೋಡಲಿಲ್ಲ, ಟೋಪಿಯನ್ನೇ ನೋಡುತ್ತಿದ್ದರು. ಅಮ್ಮ ನೋಡುತ್ತಿದ್ದಳು. ಅವಳ ಬಾಯಿ ತುಸು ತೆರೆದಿತ್ತು, ಸೆರಗಿನ ತುದಿ ಮುಷ್ಟಿಯೊಳಗಿತ್ತು. ನನ್ನ ಮಗಳನ್ನು ಕೊಂದವರನ್ನು ಬಿಟ್ಟುಬಿಡಬೇಡ ಎಂದು ಆ ಕಣ್ಣು ಬೇಡುತ್ತಿದೆ ಎಂದು ನಾನು ತಿಳಿದೆ.

“ನಿಜ,” ಎಂದೆ.

ಗುಮಾಸ್ತ ಅದನ್ನು ಬರೆದುಕೊಂಡ. ಡಾಕ್ಟರು ಎದ್ದು, ಟೋಪಿ ಹಾಕಿಕೊಂಡು, ಅಧಿಕಾರಿಗೆ ನಮಸ್ಕಾರ ಹೇಳಿ ಹೊರಟುಹೋದರು. ಮನೆಗೆ ಬರುವಾಗ ಅಮ್ಮ ದೋಣಿಯಲ್ಲಿ ನನಗೆ ಬೆನ್ನು ಹಾಕಿ ಕೂತಳು. ಅಳುತ್ತಿದ್ದಾಳೆ ಎಂದುಕೊಂಡೆ.

ತಿಂಗಳೊಳಗೆ ಪತ್ರಿಕೆಯಲ್ಲಿ ಇನ್ನೊಬ್ಬರ ಫೋಟೋ ಬಂತು, ಕೊರಳ ತುಂಬ ಹಾರ. ಆಂಬ್ರೋಸ್ ಡಾಕ್ಟರು ಮನೆ ಮಾರಿ ಬೊಂಬಾಯಿಯ ಮಗಳ ಮನೆಗೆ ಹೋದರೆಂದು ಕೇಳಿದೆ.

ಮರುವರ್ಷ ಪಗ್ಗು ತಿಂಗಳಲ್ಲಿ ಕಾಲರಾ ಮತ್ತೆ ಬಂತು. ಎರಡು ಸಾವಾದ ದಿನವೇ ನಾನು ಹೆಲ್ತ್ ಆಫೀಸಿಗೆ ಓಡಿದೆ. ಪುಡಿ ಕೊಠಡಿಯ ತುಂಬ ಇತ್ತು. ಡಬ್ಬಗಳನ್ನು ಕಣ್ಣಾರೆ ನೋಡಿದೆ. ಅಲ್ಲಿದ್ದ ಗುಮಾಸ್ತರು ಪಟ್ಣದ ಹೆಸರು ಕೇಳಿ, ಕಡತ ತೆರೆದು, ನನ್ನದೇ ದುಂಡಗಿನ ಅಕ್ಷರವನ್ನು ನನಗೆ ತೋರಿಸಿದರು.

“ನಿಮ್ಮಲ್ಲಿ ಪುಡಿಯ ಮೇಲೆ ದೂರು ಉಂಟಲ್ಲ,” ಎಂದರು. “ದೆಹಲಿಯಿಂದ ಹೊಸ ಸುತ್ತೋಲೆ ಬಂದಿದೆ. ದೂರು ಇದ್ದ ಕಡೆ ಪ್ರತಿ ಮನೆಯ ಒಪ್ಪಿಗೆ ಬರವಣಿಗೆಯಲ್ಲಿ ಬಾರದೆ ಬಾವಿಗೆ ಪುಡಿ ಹಾಕಬಾರದು. ನಾನೆಂತ ಮಾಡ್ಲಿ?”

ಹೊಸ ಮುಖ್ಯಸ್ಥರ ಮೊದಲ ದೊಡ್ಡ ಕೆಲಸ ಇದಾಗಿತ್ತು. ರೋಗ ಬಂದರೆ ಬರಲಿ, ತಮ್ಮ ಮೇಲೆ ದೂರು ಬರಬಾರದು. ನಾವೇ ಆರಿಸಿಕೊಟ್ಟ ಮನುಷ್ಯ, ಯಾರನ್ನು ಬೈಯಲಿ? ಆಂಬ್ರೋಸ್ ಡಾಕ್ಟರಾಗಿದ್ದರೆ ಬೈದು, ಗಲಾಟೆ ಮಾಡಿ, ಸಂಜೆಯೊಳಗೆ ಪುಡಿ ಹಾಕಿ ಹೋಗುತ್ತಿದ್ದರು.

ಕಾಗದ ಹಿಡಿದುಕೊಂಡು ಮನೆ ಮನೆ ತಿರುಗಿದೆ. ಪುಡಿ ಕೊಲ್ಲುತ್ತದೆ ಎಂದು ಬರೆದವನು ನೀನೇ ಅಲ್ಲವೋ ಎಂದು ಜನ ಕೇಳಿದರು. ಅಲ್ಲ, ಕೊಂದದ್ದು ನೀರು ಎಂದರೆ ನಗಾಡಿದರು. ಕೊನೆಗೆ ಮಾವನ ಜಗಲಿಗೆ ಹೋಗಿ, ಇನ್ನು ನನ್ನಿಂದ ಆಗುವುದಿಲ್ಲ, ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದೆ. ಮಾವ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದ: “ಹೇಳು. ಸೇದಿದವ ನೀನು, ನಾನಲ್ಲ.”

ಹೇಳದೆಯೇ ಮತ್ತೆ ಕಾಗದ ಹಿಡಿದು ಹೊರಟೆ. ಎರಡು ದಿನಗಳಲ್ಲಿ ಹತ್ತೊಂಬತ್ತು ಹೆಬ್ಬೆಟ್ಟು ಸಿಕ್ಕಿತು. ನಮ್ಮ ಮನೆಯಲ್ಲಿ ನೀರು ಕುದಿಸುತ್ತಿದ್ದೆವು. ಆದರೆ ಆರು ವರ್ಷದ ಮಗು, ಆಡುವಾಗ ಬಾಯಾರಿದರೆ ಯಾರ ಮನೆಯ ಕೊಡವಾದರೇನು. ಎರಡನೆಯ ದಿನ ಬೆಳಿಗ್ಗೆ ಹೇಮಾಕ್ಷಿ ವಾಂತಿ ಮಾಡಿದಳು. ಆಸ್ಪತ್ರೆಗೆ ಒಯ್ಯಲು ದೋಣಿ ಹುಡುಕಿದೆ, ರೋಗದ ಹೆದರಿಕೆಗೆ ಒಬ್ಬನೂ ಬರಲೊಪ್ಪಲಿಲ್ಲ. ಮಧ್ಯಾಹ್ನಕ್ಕೆ ಕಣ್ಣು ಗುಳಿಬಿದ್ದಿತು. ಸಂಜೆಯ ಮೊದಲೇ ಎಲ್ಲ ಮುಗಿಯಿತು.

ಅಮ್ಮಣ್ಣಿ ಮಗುವನ್ನು ಬಿಟ್ಟುಕೊಡದೆ ಗೋಡೆಗೆ ಒರಗಿ ಕೂತಿದ್ದಳು. ಅಮ್ಮ ನನ್ನ ಹತ್ತಿರ ಬಂದು ಕೂತಳು. ಇನ್ನು ಹೇಳದೆ ಇರಲಾರೆ ಎನಿಸಿ, ಅಮ್ಮ, ಆ ದಿನ ಬೊಬ್ಬರ್ಯನ ಬಾವಿಯಿಂದ ಎಂದು ಶುರುಮಾಡಿದೆ.

“ಗೊತ್ತುಂಟು,” ಎಂದಳು ಅಮ್ಮ. “ನೀನು ಉಟ್ಟ ಮುಂಡಿನ ಸುಣ್ಣ ಒಗೆದದ್ದು ನಾನು. ಗುಲಾಬಿ ಹೋದ ಮರುದಿನ.”

ಅವಳು ಮಗುವಿನ ಕಡೆ ನೋಡುತ್ತಲೇ ಮುಂದುವರಿಸಿದಳು.

“ನೀನಾಗಿ ಹೇಳ್ತಿ ಅಂತ ಕಾದೆ. ಬಲ್ಮಠದಲ್ಲಿ ಆ ಜನ ನಿನ್ನತ್ರ ಕೇಳಿದಾಗ, ಈಗ ಹೇಳ್ತಾನೆ ಅಂದುಕೊಂಡೆ. ನೀನು ಹೇಳಿದ್ದಿದ್ರೆ ನಾನೂ ಹೌದು ಅಂತಿದ್ದೆ ಮಗಾ. ಅದಕ್ಕೇ ಮುಂದೆ ನಿಂತದ್ದು.”

ಆಮೇಲೆ ಅವಳು ನನ್ನ ಚೀಲದಿಂದ ಒಪ್ಪಿಗೆಯ ಕಾಗದ ತೆಗೆದು ನೆಲದ ಮೇಲೆ ಹರಡಿದಳು. ಮನೆ ಮನೆ ತಿರುಗಿದವನು ನಮ್ಮ ಮನೆಯ ಯಜಮಾನಿಯ ಹೆಬ್ಬೆಟ್ಟನ್ನೇ ಕೇಳಿರಲಿಲ್ಲ. ಎಲ್ಲಿ ಒತ್ತಬೇಕೆಂದು ಕೇಳಿದಳು, ತೋರಿಸಿದೆ. ಶಾಯಿ ಹಚ್ಚಿ ಗಟ್ಟಿಯಾಗಿ ಒತ್ತಿದಳು. ಅದು ಇಪ್ಪತ್ತನೆಯದು. ಇನ್ನೂ ಇಪ್ಪತ್ತೊಂದು ಬೇಕಿತ್ತು.