ಅಪ್ಪನ ಪಾಲು

ಲ್ಯಾಮಿನೇಷನ್ನಿನ ಹೊಳಪಿನೊಳಗೆ ಫ್ಯಾನು ತಿರುಗುತ್ತಿದೆ, ಮೂರು ರೆಕ್ಕೆ, ಒಂದಕ್ಕೆ ಧೂಳು ಹೆಚ್ಚು, ಅದು ಹಾಯ್ದಾಗಲೆಲ್ಲ ಕಾಗದದ ತಲೆಯ ಮೇಲಿನ ಯೂನಿವರ್ಸಿಟಿಯ ಬಂಗಾರದ ಸಿಂಹ ಒಂದು ಕ್ಷಣ ಕಪ್ಪಾಗಿ ಮತ್ತೆ ಬೆಳಗುತ್ತದೆ, ಕಣ್ಣು ಹೊಡೆದ ಹಾಗೆ — ಹಣಮಂತರಾಯ ಆ ಸಿಂಹವನ್ನೇ ನೋಡುತ್ತ ಕುಳಿತಿದ್ದಾನೆ, ಯಾಕೆಂದರೆ ಅದರ ಕೆಳಗೆ ಬ್ಯಾಂಕಿನ ಪ್ರಮಿತಾ ಮೇಡಮ್ಮನ ಬೆರಳು ನಿಂತಿದೆ, ಬೆರಳಿನ ಕೆಳಗೆ ಒಂದು ಸಾಲು ಇದೆ, ಆ ಸಾಲಿನ ಬಗ್ಗೆ ಅವಳು ಈಗಷ್ಟೇ ಒಂದು ಮಾತು ಹೇಳಿದ್ದಾಳೆ. ಇದು ಸಾಲರಿ ಕಾಕಾ. ಅವನ ಕಿವಿಗೆ ಬಿದ್ದದ್ದು ಸ್ಯಾಲರಿ. ಎದೆ ಒಂದು ಗೇಣು ಅಗಲವಾಯಿತು, ಓದಲಿಕ್ಕೆ ಹೋಗುವ ಮಗಳಿಗೆ ಪಗಾರವನ್ನೂ ಕೊಡುತ್ತಾರಲ್ಲ, ಎಂಥ ಯೂನಿವರ್ಸಿಟಿ, ಊರಿಗೆ ಹೋದ ಕೂಡಲೇ ಕಟ್ಟೆಯ ಮೇಲೆ ಹೇಳಬೇಕು, ಭಾಳ ಛಲೋ ಆತ್ರಿ ಮೇಡಂ, ತಿಂಗಳಿಗೆ ಎಷ್ಟು ಪಗಾರ, ಎಂದು ಕೇಳಿಯೇಬಿಟ್ಟ. ಅವಳು ಕನ್ನಡಕ ಮೇಲೇರಿಸಿದಳು. ಪಗಾರ ಅಲ್ರಿ ಕಾಕಾ, ಸಾಲ, ತಿರುಗಿ ಕಟ್ಟೋದು, ಬಡ್ಡಿ ಸಮೇತ. ಪೆನ್ನು ತೆಗೆದು ಆ ಸಾಲಿನ ಕೆಳಗೆ ಗೆರೆ ಎಳೆಯಲು ಹೋದಳು, ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಜಾರಿತು, ಗೆರೆ ಮೂಡಲಿಲ್ಲ. ಇದನ್ನ ಯಾಕ ಲ್ಯಾಮಿನೇಷನ್ ಮಾಡ್ಸೀರಿ ಎಂದು ಕೇಳಿದಳು. ಯಾಕೆ ಅಂದರೆ ಏನು ಹೇಳುವುದು, ನೆಟ್ ಅಂಗಡಿಯ ಗುಲಾಮ ದಸ್ತಗೀರ ಮೇಲ್ ತೆಗೆದು ಕಲರ್ ಪ್ರಿಂಟ್ ಹೊಡೆದವನೇ ಹೇಳಿದ್ದ, ಅವಾರ್ಡ್ ಅಂದಮ್ಯಾಲ ಲ್ಯಾಮಿನೇಷನ್ ಬೇಕಲ್ಲ ಹಣಮಂತಣ್ಣ, ಮೊಮ್ಮಕ್ಕಳು ನೋಡಬೇಕು. ಅದು ಖರೆ ಅನಿಸಿತ್ತು. ಅವನು ಬ್ಯಾಂಕಿಗೆ ಬಂದದ್ದು ದುಡ್ಡು ಯಾವತ್ತು ಜಮಾ ಆಗುತ್ತದೆಂದು ಕೇಳಲಿಕ್ಕೆ ಅಷ್ಟೇ, ಪಾಸ್‌ಬುಕ್ಕು, ಆಧಾರ್ ಝೆರಾಕ್ಸು, ಎಲ್ಲ ತಂದಿದ್ದಾನೆ, ಕೌಂಟರಿನವನು ಕಾಗದ ನೋಡಿ, ಇದು ನನ್ನ ಕಡೆ ಅಲ್ಲ, ಆ ಮೇಡಂ ಕಡೆ ಹೋಗ್ರಿ ಎಂದ, ಮೇಡಂ ತಲೆಯ ಮೇಲೆ ತೂಗುವ ಬೋರ್ಡನ್ನು ಈಗ ಓದುತ್ತಾನೆ, ಸಾಲ ವಿಭಾಗ, ಅಲ್ಲಿ ಅಷ್ಟು ದೊಡ್ಡದಾಗಿ ಬರೆದಿದೆ, ಕುರ್ಚಿ ಎಳೆದುಕೊಳ್ಳುವಾಗ ಕಾಣಲಿಲ್ಲ.

ಅವಾರ್ಡ್ ಓದುವುದು ಅವನಿಗೆ ಹೊಸ ವಿದ್ಯೆಯಲ್ಲ. ಕುರಕುಂಟಾದಲ್ಲಿ ಅದು ಅವನ ಹೆಸರಿಗೇ ಅಂಟಿಕೊಂಡಿದೆ, ಅವಾರ್ಡ್ ಹಣಮಂತರಾಯ, ಬೈಪಾಸ್ ರಸ್ತೆಗೆ ಹೊಲ ಹೋದಾಗಿನಿಂದ — ಹೊಲ ಹೋದವರಿಗೆ ಪರಿಹಾರ ಇಷ್ಟೆಂದು ಸರ್ಕಾರ ಬರೆದುಕೊಡುವ ಕಾಗದಕ್ಕೆ ಈ ಕಡೆ ಎಲ್ಲರೂ ಅವಾರ್ಡ್ ಎನ್ನುತ್ತಾರೆ, ಬೇರೆ ಊರಲ್ಲಿ ನಾಟಕದವರಿಗೆ ಕುಸ್ತಿಯವರಿಗೆ ಕೊಡುವ ವಸ್ತುವಿಗೂ ಅದೇ ಹೆಸರೆಂದು ಕೇಳಿದ್ದಾನೆ, ಅದು ಅವರ ಊರಿನ ವಿಷಯ. ಕಾಗದಕ್ಕಿಂತ ಮೊದಲು ಬಂದದ್ದು ಕಲ್ಲು. ತೊಗರಿ ಎದೆಮಟ್ಟ ನಿಂತು ಹಳದಿ ಹೂ ಬಿಟ್ಟಿತ್ತು, ಬುತ್ತಿ ಕಟ್ಟಿಕೊಂಡು ಹೋದ ಹೆಂಡತಿ ದಾನಮ್ಮ ಬುತ್ತಿ ಸಮೇತ ಹೊಳ್ಳಿ ಬಂದಳು, ಹೊಲದಾಗ ಒಂದು ಕಲ್ಲು ಬಂದು ನಿಂತದ್ರಿ, ಬಿಳಿ ಅಂಗಿ, ಕೆಂಪು ಟೋಪಿ, ನಮ್ಮನ್ನೇ ನೋಡಿದಂಗ ಮಾಡ್ಲಿಕತ್ತದ. ಹೋಗಿ ನೋಡಿದರೆ ಹೌದು, ಸರ್ವೆಯವರು ಯಾರಿಗೂ ಹೇಳದೆ ನೆಟ್ಟು ಹೋದ ಗುರುತಿನ ಕಲ್ಲು, ಮೈಗೆ ಸುಣ್ಣ, ತಲೆಗೆ ಕೆಂಪು ಬಣ್ಣ, ಬಣ್ಣ ಇನ್ನೂ ಆರಿರಲಿಲ್ಲ, ಒಂದು ಇರುವೆ ಅದರಲ್ಲಿ ಸಿಕ್ಕಿಕೊಂಡು ಕಾಲು ಆಡಿಸುತ್ತಿತ್ತು. ಅವ್ವ ಸುಂದರಬಾಯಿ ದೇವರೆಂದು ತಿಳಿದು ಕಾಯಿ ಒಡೆಸಿದಳು, ಅಲ್ಲಿ ಕಾಯಿ ಒಡೆದು ಬಂದ ಮೇಲೆ ಗೊತ್ತಾಯಿತು, ಕಲ್ಲಿನ ಆಚೆಗಿನದೂ ಈಚೆಗಿನದೂ ತಮ್ಮದಲ್ಲ. ಆಮೇಲೆ ಅವಾರ್ಡ್ ಬಂತು, ಅದರ ನಡುವೆ ಸೊಲೇಷಿಯಂ ಎಂಬ ಒಂದು ಪದ, ವಕೀಲರೂ ಅದನ್ನು ಔಷಧದ ಹೆಸರಿನಂತೆ ಉಚ್ಚರಿಸುತ್ತಿದ್ದರು, ಯಾರಿಗೂ ಅರ್ಥವಾಗಲಿಲ್ಲ, ಆದರೆ ಅದರ ಮುಂದೆ ಬರೆದ ರೊಕ್ಕ ಮಾತ್ರ ಖಾತೆಗೆ ಬಂದು ಬಿತ್ತು. ಅಂದು ಅವನು ಕಲಿತದ್ದು ಇಷ್ಟು, ನಡುವಿಂದು ಬಿಡ್ರಿ, ಕೆಳಗಿನ ಒಟ್ಟು ನೋಡ್ರಿ. ಚಿತ್ತಾಪುರದ ಕಡೆಯವರು, ಚಿಂಚೋಳಿ ಐನಾಪುರದಿಂದ ಒಂದು ಸಲ ಜೀಪು ತುಂಬ ಜನ, ಕಾಗದ ಹಿಡಿದು ಅವನ ಕಟ್ಟೆಗೆ ಬಂದರು, ಅವನು ಕಣ್ಣು ಕಿರಿದು ಮಾಡಿ, ಹೆಬ್ಬೆರಳಿನಿಂದ ನಡುವಿನದನ್ನೆಲ್ಲ ಮುಚ್ಚಿ, ಕೆಳಗಿನ ಒಟ್ಟು ಓದಿ ಹೇಳಿದ, ಎಲ್ಲರದೂ ಸರಿಹೋಯಿತು, ಎಲ್ಲರೂ ಚಹಾ ಕುಡಿಸಿದರು, ಒಂದು ವಿದ್ಯೆ ಇಷ್ಟು ಸಲ ಸರಿಹೋದ ಮೇಲೆ ಅದನ್ನು ಅನುಮಾನಿಸುವವನು ಯಾರು. 

ಆದ್ದರಿಂದ ಮಗಳು ಜಗದೇವಿಗೆ ಹೈದರಾಬಾದ್ ಕಡೆಯ ಆ ಯೂನಿವರ್ಸಿಟಿಯಿಂದ ಅವಾರ್ಡ್ ಲೆಟರ್ ಬಂತು ಎಂದು ದಸ್ತಗೀರ ಅಂಗಡಿಯಿಂದಲೇ ಕೂಗಿದಾಗ ಇಡೀ ಕಟ್ಟೆ ಅವನ ಕಡೆ ತಿರುಗಿತು, ಅವನು ಟವೆಲ್ಲು ಕೊಡವಿ ಎದ್ದು ಹೋದ, ಕಾಗದ ಹಿಡಿದ, ಹೆಬ್ಬೆರಳು ತಾನಾಗಿಯೇ ನಡುವಿನ ಮೇಲೆ ಹೋಗಿ ಕುಳಿತಿತು, ಕೆಳಗೆ ಟೋಟಲ್ ಅವಾರ್ಡ್, ಹದಿನಾಲ್ಕು ಲಕ್ಷ. ಹದಿನಾಲ್ಕು. ಹೊಲಕ್ಕೂ ಅಷ್ಟು ಬಂದಿರಲಿಲ್ಲ. ಮನೆಯಲ್ಲಿ ಹೇಳಿದರೆ ದಾನಮ್ಮ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು, ಮುಖ ಬಿಳಿಚಿತು, ಅವಾರ್ಡ್ ಬಂತಾ, ಈಗ ನಮ್ದೇನು ಹೋತ್ರಿ. ನಕ್ಕರು ಎಲ್ಲರೂ, ಬಾಗಿಲಲ್ಲಿ ನಿಂತ ದಸ್ತಗೀರ ಹೊಟ್ಟೆ ಹಿಡಿದುಕೊಂಡು ನಕ್ಕ, ಭಾಭಿ, ಇದು ಹೊಲದ್ದಲ್ಲ, ಓದಿಂದು, ಇದರಾಗ ಏನೂ ಹೋಗಂಗಿಲ್ಲ, ಬರೇ ಬರ್ತದ. ಅವನೂ ನಕ್ಕ, ಅವನೇ ಹೆಚ್ಚು ನಕ್ಕ, ರೊಟ್ಟಿ ಬಡಿ ಹೋಗ್ ನಿಂದು ಎಂದ. ನಗದವಳು ಜಗದೇವಿ ಒಬ್ಬಳೇ, ಅವಳು ಕಾಗದದ ನಡುವನ್ನು ಓದುತ್ತಿದ್ದಳು, ಅಪ್ಪಾ, ಇಲ್ಲಿ ಎಜುಕೇಷನ್ ಫೈನಾನ್ಸ್ ಸಪೋರ್ಟ್ ಅಂತ ಅದ, ಇದೇನೋ ಬ್ಯಾರೆ ಇದ್ದಂಗ ಕಾಣ್ತದ, ಕೇಳೋಣೇನು. ಸಪೋರ್ಟ್ ಅಂದ್ರ ಏನವ್ವಾ, ನೀನೇ ಹೇಳು. ಆಸರ. ಹಂಗಾದ್ರ ಆಸರ ಕೊಟ್ಟಾರ, ಸೊಲೇಷಿಯಂ ಅಂದ್ರ ಏನಂತ ಯಾರಿಗೆ ತಿಳಿದಿತ್ತು, ರೊಕ್ಕ ಬಂತೋ ಇಲ್ಲೋ, ನಡುವಿಂದು ಬಿಡು. ಇನ್ನೊಂದು ಸಾಲು ಅವನಿಗೆ ತಾನೇ ಅರ್ಥವಾಗಿತ್ತು, ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಪೇರೆಂಟ್ ಶೇರ್, ಐದು ಲಕ್ಷ. ಶೇರ್ ಅಂದರೆ ಪಾಲು, ಹೊಲದ ಅವಾರ್ಡಿನಲ್ಲಿ ಅಣ್ಣ ಸಂಗಣ್ಣನ ಪಾಲು ಹೀಗೇ ಬೇರೆ ಸಾಲಿನಲ್ಲಿ ಬರೆದಿತ್ತು, ವಾಡಿಯಲ್ಲಿ ಕೂತು ಹೊಲದ ಕಡೆ ಕಾಲಿಡದವನಿಗೂ ಅರ್ಧ ಪಾಲು ಸಿಕ್ಕಿತ್ತು, ಹಾಗಿರುವಾಗ ಹೆತ್ತು ಬೆಳೆಸಿ ಓದಿಸಿದ ಅಪ್ಪನಿಗೆ ಪಾಲಿಲ್ಲದೆ ಹೇಗೆ, ಹೊಲ ಒಯ್ದರೆ ಹೊಲದವನಿಗೆ ಕೊಡುತ್ತಾರೆ, ಮಗಳನ್ನು ಒಯ್ದರೆ ಅಪ್ಪನಿಗೆ, ದೊಡ್ಡವರ ವ್ಯವಹಾರ ದೊಡ್ಡದಾಗಿಯೇ ಇರುತ್ತದೆ ಎಂದು ಅವನು ಆ ಸಿಂಹಕ್ಕೆ ಮನಸ್ಸಿನಲ್ಲೇ ಕೈಮುಗಿದಿದ್ದ. ಎಮ್ಮೆಗಳ ದಡ್ಡಿಗೆ ಹೊಸ ತಗಡು, ದಾನಮ್ಮನ ಕೈಗೆ ಬಂಗಾರದ ಪಾಟ್ಲಿ, ಉಳಿದದ್ದು ಅಂಚೆಯಲ್ಲಿ — ಎಲ್ಲ ಆ ಸಾಲಿನಿಂದ. ಆದಿತ್ಯನಗರದ ಕಾಲೊನಿಗೆ ಹಾಲು ಹಾಕುವಾಗ ಮನೆ ಮನೆಗೆ ಹೇಳಿದ್ದಾನೆ, ಹಾಲಿಗಿಂತ ಆ ಸುದ್ದಿಯನ್ನೇ ಹೆಚ್ಚು ಅಳೆದು ಕೊಟ್ಟಿದ್ದಾನೆ, ಒಬ್ಬ ಇಂಜಿನಿಯರನ ಹೆಂಡತಿ ಚೊಂಬು ಹಿಡಿದುಕೊಂಡೇ, ಫುಲ್ ಸ್ಕಾಲರ್‌ಶಿಪ್ಪಾ ಎಂದು ಕೇಳಿದಳು, ಫುಲ್ಲಿಗಿಂತ ಹೆಚ್ಚರಿ ಬಾಯಾರ, ಅಪ್ಪಗೂ ಪಾಲದ ಎಂದಿದ್ದ, ಆಕೆ ನಕ್ಕದ್ದು ಯಾಕೆಂದು ಈಗ, ಈ ಕುರ್ಚಿಯಲ್ಲಿ, ಬೆವರಿನ ಹಾಗೆ ಒಂದೊಂದೇ ಹನಿಯಾಗಿ ತಿಳಿಯುತ್ತಿದೆ.

ಕಾಕಾ, ಕೇಳ್ಲಿಕತ್ತೀರಿ ಇಲ್ಲೋ, ಎನ್ನುತ್ತಿದ್ದಾಳೆ ಪ್ರಮಿತಾ. ಇವಳ ತಾಯಿ ಪದ್ಮಾಬಾಯಿ ಟೀಚರು ಅವನಿಗೆ ಮಗ್ಗಿ ಕಲಿಸಿದವರು, ತಪ್ಪಿದರೆ ಇದೇ ದನಿಯಲ್ಲಿ, ಇಷ್ಟೇ ಮೆತ್ತಗೆ ಕೇಳುತ್ತಿದ್ದರು, ಅದಕ್ಕೇ ಭಯ ಹೆಚ್ಚು. ಮ್ಯಾಲಿನ ಸಾಲು ಒಂದೇ ಖರೆ ಖರೆ ಕೊಡೋದ್ರಿ, ಒಂದು ಲಕ್ಷ, ಅದೂ ಮೊದಲನೇ ವರ್ಷಕ್ಕಷ್ಟೇ. ಎರಡನೇದು ಸಾಲ, ಅದನ್ನೂ ಅವರು ಕೊಡಂಗಿಲ್ಲ, ನೀವು ನಮ್ಮಂಥವರ ಕಡೆ ಬಂದು ಬೇಡಬೇಕು. ಮೂರನೇದು ನಿಮ್ಮ ಹುಡುಗಿ ಅಲ್ಲೇ ಸಂಜೀಕ ಲೈಬ್ರರಿಯೊಳಗ ದುಡದ್ರ ಬರೋದು, ಕೆಲಸ ಖಾಲಿ ಇದ್ರ. ಹೂಂ. ಬೆರಳು ಕೆಳಗಿಳಿಯಿತು. ಅವನಿಗೆ ಆ ಬೆರಳನ್ನು ಹಿಡಿದು ನಿಲ್ಲಿಸಬೇಕು ಅನಿಸಿತು, ಅಲ್ಲಿಗೆ ಹೋಗಬ್ಯಾಡ್ರಿ, ಅದು ನಂದು. ಇದು ನಿಮ್ಮ ಪಾಲು ಕಾಕಾ, ನೀವು ಕಟ್ಟೋದು, ಎಂದಳು. ನಾನು ಕಟ್ಟೋದು, ಎಂದ ಅವನು, ಪ್ರಶ್ನೆಯೋ ಉತ್ತರವೋ ಅವನಿಗೇ ಗೊತ್ತಾಗಲಿಲ್ಲ, ನಾನು ಕಟ್ಟೋದನ್ನ ನನಗ ಕೊಟ್ಟ ಅವಾರ್ಡಿನ್ಯಾಗ ಯಾಕ ಬರದಾರ್ರಿ ಮೇಡಂ. ಒಟ್ಟು ದೊಡ್ಡದು ಕಾಣ್ಲಿ ಅಂತ, ಹಿಂಗ ಕೂಡಿಸಿದ್ರ ನಾನೂ ನಿಮಗ ಕುಂತಲ್ಲೇ ಒಂದು ಕೋಟಿ ಅವಾರ್ಡ್ ಕೊಡಬಹುದ್ರಿ, ಎಂದು ನಗಿಸಲು ನೋಡಿದಳು. ಪಕ್ಕದ ಟೇಬಲ್ಲಿನವನು ನಕ್ಕ. ಫ್ಯಾನು ತಿರುಗುತ್ತಿದೆ, ಸಿಂಹ ಕಣ್ಣು ಹೊಡೆಯುತ್ತಿದೆ, ಯಾರದೋ ಟೋಕನ್ ನಂಬರನ್ನು ಒಬ್ಬ ಹೆಂಗಸಿನ ದನಿ ಮೂರು ಭಾಷೆಯಲ್ಲಿ ಕೂಗುತ್ತಿದೆ, ಆ ನಂಬರಿನವನು ಮೂರರಲ್ಲೂ ಎದ್ದು ಬರುತ್ತಿಲ್ಲ. ಹೋಗ್ಲಿ ಬಿಡ್ರಿ ಕಾಕಾ, ಇದು ಬರೇ ಲೆಟರು, ರೊಕ್ಕ ಕಟ್ಟಿಲ್ಲಲ್ಲ, ಇದನ್ನ ಬಿಟ್ರ ಏನೂ ನಷ್ಟಿಲ್ಲ, ಆಕಿಗಿ ಬ್ಯಾರೆ ಎಲ್ಲೂ ಸೀಟು ಸಿಕ್ಕಿಲ್ಲೇನು. ಸಿಕ್ಕಿತ್ತು ಎಂದ. ಎಲ್ಲಿ. ಬೀದರ, ಸರ್ಕಾರಿ ಸೀಟು, ದನದ ಡಾಕ್ಟರು. ಅಯ್ಯ, ಅದು ಭಾರಿ ಸೀಟಲ್ರಿ, ಹಂಗಾದ್ರ ಚಿಂತಿ ಯಾಕ, ಎಂದವಳು ಅವನ ಮುಖ ನೋಡಿ ನಿಂತಳು. ಸಿಕ್ಕಿತ್ತು ಅಂದ್ರ, ಕಾಕಾ.

ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿತ್ತು ಆ ದಿನ, ಹಿರಿ ಎಮ್ಮೆ ಕಣ್ಣು ಮೇಲೆ ಮಾಡಿ ಬಿದ್ದಿತ್ತು, ದನದ ಡಾಕ್ಟರು ಶಹಾಬಾದಿನಲ್ಲಿ, ಫೋನಿನಲ್ಲಿ ಹೇಳುತ್ತಿದ್ದರು, ಫೋನು ದಾನಮ್ಮನ ಕೈಯಲ್ಲಿ, ಮತ್ತು ಈ ಹುಡುಗಿ, ಕಾಲೇಜಿನ ಯೂನಿಫಾರಂ ಕೂಡ ಬಿಚ್ಚದ ಈ ಹುಡುಗಿ, ಮೊಳಕೈ ತನಕ ಎಣ್ಣೆ ಸವರಿಕೊಂಡು ಕೈ ಒಳಗೆ ಹಾಕಿ ಕಣ್ಣು ಮುಚ್ಚಿ ನಿಂತಳು, ಹುಡುಕುತ್ತ, ಸಿಕ್ತು ಸರ್, ಕಾಲು ಸಿಕ್ತು, ಎಂದಳು, ಕರು ಹೊರಗೆ ಬಿದ್ದು ತಲೆ ಕೊಡವಿದಾಗ ಅವಳು ನಕ್ಕ ನಗು, ಹನ್ನೆರಡು ವರ್ಷದ ಶಾಲೆಯ ಯಾವ ಮಾರ್ಕ್ಸ್ ಕಾರ್ಡಿಗೂ ಅವಳು ಹಾಗೆ ನಕ್ಕಿರಲಿಲ್ಲ. ಅವಾರ್ಡ್ ಬಂದ ಮೇಲೂ, ನನಗ ಬೀದರ ಸಾಕಪ್ಪಾ ಎಂದು ಒಂದೇ ಸಲ ಹೇಳಿದಳು. ಎಮ್ಮಿ ನೋಡ್ಲಿಕ್ಕ ಯಾರರ ಹದಿನಾಲ್ಕು ಲಕ್ಷದ ಅವಾರ್ಡ್ ಬಿಡ್ತಾರೇನವ್ವಾ ಎಂದ, ಕಟ್ಟೆಯವರೆಲ್ಲ ಹೌದು ಹೌದು ಎಂದರು, ಎಮ್ಮೆಯ ಹಾಲಿನ ಚಹಾ ಕುಡಿಯುತ್ತ ಹೌದೆಂದರು. ನಿನ್ನೆ ಸಂಜೆ ದಸ್ತಗೀರನ ಅಂಗಡಿ, ಬೀದರಿನ ಸೀಟು ಬೇಕೋ ಬೇಡವೋ ಹೇಳಲು ಅದೇ ಕೊನೆಯ ದಿನ, ಕಂಪ್ಯೂಟರಿನ ಮುಂದೆ ಜಗದೇವಿ, ಅವನು ಬೆನ್ನ ಹಿಂದೆ. ಬಿಡ್ಲೇನಪ್ಪಾ. ಬಿಡವ್ವಾ. ಒತ್ತಿದಳು. ಪರದೆಯ ಮೇಲೆ ಏನೋ ಮೂಡಿತು, ಅವಳ ಬೆರಳು ನಿಂತಿತು, ಖಾತ್ರಿ ಅದ ಏನಂತ ಮತ್ತೊಮ್ಮೆ ಕೇಳ್ಲಿಕತ್ತದ ನೋಡಪ್ಪಾ, ಎಂದು ಹಿಂದೆ ತಿರುಗಿ ಅವನ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು. ಅವನು ಆಗ ದಸ್ತಗೀರನಿಗೆ ಪೇಡೆ ತರಲು ಹೇಳುತ್ತಿದ್ದ, ಹೌದು ಅನ್ನು, ಹೌದು ಅನ್ನು ಎಂದ. ಆ ಯಂತ್ರ ಅವಳನ್ನು ಎರಡು ಸಲ ಕೇಳಿತು. ಅವನು ಒಂದು ಸಲವೂ ಕೇಳಲಿಲ್ಲ. ಬಿಟ್ಟೀವ್ರಿ, ನಿನ್ನೆ, ಎಂದು ಪ್ರಮಿತಾಗೆ ಹೇಳುತ್ತಾನೆ, ಅವಳು ಕನ್ನಡಕ ತೆಗೆದು ಟೇಬಲ್ಲಿನ ಮೇಲೆ ಇಡುತ್ತಾಳೆ, ಒಮ್ಮೆ ಬಿಟ್ರ ಅದು ಮುಂದಿನ ನಂಬರಿನವರಿಗೆ ಹೋಗ್ತದಲ್ರಿ ಕಾಕಾ, ಎನ್ನುತ್ತಾಳೆ, ಮಗ್ಗಿ ತಪ್ಪಿದ ಹುಡುಗನಿಗೆ ಹೇಳುವಷ್ಟೇ ಮೆತ್ತಗೆ.

ಎದ್ದದ್ದು ನೆನಪಿಲ್ಲ, ಬಾಗಿಲ ಹತ್ತಿರ ಇದ್ದಾನೆ, ಕಂಕುಳಲ್ಲಿ ಆ ಕಾಗದ, ಮಡಚಲು ಬರುವುದಿಲ್ಲ, ಹರಿಯಲು ಬರುವುದಿಲ್ಲ, ಹಾಗೆ ಮಾಡಿಸಿದವನು ತಾನೇ, ಅಂಚು ಪಕ್ಕೆಗೆ ಚುಚ್ಚುತ್ತಿದೆ. ಗಾಜಿನ ಬಾಗಿಲ ಮೇಲೆ ತಳ್ಳಿ ಎಂದು ಬರೆದಿದೆ. ತಳ್ಳಿದರೆ ಜಗದೇವಿಗೆ ಹೇಳಬೇಕು. ಏನಂತ, ಅವ್ವಾ, ರೊಕ್ಕ ಬರಂಗಿಲ್ಲ — ಅದು ದೊಡ್ಡ ಮಾತಲ್ಲ, ರೊಕ್ಕದ ಮಾತನ್ನು ಹೇಗೋ ಹೇಳಬಹುದು, ದಾನಮ್ಮನ ಪಾಟ್ಲಿ ಇಲ್ಲ, ತಗಡು ಇಲ್ಲ, ಕಾಲೊನಿಯಲ್ಲಿ ನಗುತ್ತಾರೆ, ನಗಲಿ — ಆದರೆ ಇನ್ನೊಂದನ್ನು. ಒಳಗೆ ಬರ್ತೀಯೇನವ್ವಾ ಅಂದಿದ್ದ, ಇಲ್ಲೇ ಕುಂದ್ರತೀನಪ್ಪಾ, ನೀ ಮುಗಿಸ್ಕೊಂಡು ಬಾ ಎಂದಿದ್ದಳು, ಅಲ್ಲೇ ಇದ್ದಾಳೆ, ಗಾಜಿನ ಆಚೆ, ಮೆಟ್ಟಿಲ ಮೇಲೆ, ಬೆನ್ನು ಈ ಕಡೆ, ಬಿಸಿಲಿಗೆ ಓಢಣಿಯನ್ನು ತಲೆಗೆ ಸುತ್ತಿಕೊಂಡಿದ್ದಾಳೆ, ಜನ ಅವಳ ಎರಡೂ ಬದಿಗೆ ಹಾಯ್ದು ಹೋಗುತ್ತಾರೆ, ಗಾಳಿಗೆ ತೊಗರಿ ಹಾಯ್ದ ಹಾಗೆ, ಅವಳು ಅಲುಗುವುದಿಲ್ಲ. ಹಿಂದಿನವನು ಸರೀರಿ ಯಜಮಾನ್ರೇ ಎನ್ನುತ್ತಾನೆ. ನಮ್ದೇನು ಹೋತ್ರಿ, ಎಂದು ಹಿಟ್ಟಿನ ಕೈಯಲ್ಲಿ ನಿಂತು ಕೇಳುತ್ತಾಳೆ ದಾನಮ್ಮ, ಯಾರೂ ನಗುವುದಿಲ್ಲ. ಕಾಗದಕ್ಕಿಂತ ಮೊದಲು ಬರುವುದು ಕಲ್ಲು, ಈ ಸಲ ಅದು ಎಲ್ಲಿತ್ತು, ನಿನ್ನೆಯಿಂದ ಮನೆಯಲ್ಲೇ ಓಡಾಡುತ್ತಿತ್ತು, ಬೆಳಿಗ್ಗೆ ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕೂತು ಬಂತು, ಅವನು ಕೆಳಗಿನ ಒಟ್ಟು ನೋಡುತ್ತಿದ್ದ, ಅದನ್ನು ನೋಡಲಿಲ್ಲ — ಬಿಳಿ ಅಂಗಿ, ಕೆಂಪು ಓಢಣಿ. ಬಿಳಿ ಮೈ, ಕೆಂಪು ತಲೆ. ಎದೆಮಟ್ಟದ ತೊಗರಿಯ ನಡುವೆ, ಬಿಳಿ, ಮೇಲೆ ಕೆಂಪು, ಬಣ್ಣ ಇನ್ನೂ ಆರಿಲ್ಲ